ಸೀಟು ಕೊಟ್ಟರು, ದುಡ್ಡಿನ ಮಾತೇ ಇಲ್ಲ: ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ನನಗೆ ಪಿಎಚ್.ಡಿ. ಸೀಟು ಸಿಕ್ಕಿದೆ. ಪತ್ರದ ಕೆಳಗೆ ಗ್ರಾಜುಯೇಟ್ ಸ್ಕೂಲಿನ (ಇಡೀ ಯೂನಿವರ್ಸಿಟಿಯ ಮಾಸ್ಟರ್ಸ್, ಪಿಎಚ್.ಡಿ. ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿ) ಡೀನ್ ಸಹಿ ಇದೆ. ಆದರೆ ಫಂಡಿಂಗ್ ಬಗ್ಗೆ ಒಂದು ಸಾಲೂ ಇಲ್ಲ. ಡೀನ್‌ಗೇ ಮೇಲ್ ಹಾಕಲೇ? ಪ್ರೊಫೆಸರ್‌ಗೆ ಬರೆಯಲೇ? ಇಲ್ಲ ಸುಮ್ನೆ ಕಾಯಲೇ?

ಉತ್ತರ: ಡೀನ್‌ಗೆ ಬರೆಯಬೇಡಿ. ಬರೆದರೆ ತಪ್ಪೇನಿಲ್ಲ, ಆದರೆ ನಿಮ್ಮ ಮೇಲ್ ಸುತ್ತಿ ಬಳಸಿ ಡಿಪಾರ್ಟ್‌ಮೆಂಟಿಗೇ ಹೋಗುತ್ತದೆ. ನೀವು ಬರೆಯಬೇಕಾದ್ದು ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳ ಹೊಣೆ ಹೊತ್ತ ಪ್ರೊಫೆಸರ್‌ಗೆ. ಅವರನ್ನು ಸಾಮಾನ್ಯವಾಗಿ ಡೈರೆಕ್ಟರ್ ಆಫ್ ಗ್ರಾಜುಯೇಟ್ ಸ್ಟಡೀಸ್ ಅಂತಾರೆ. ಅವರ ಜೊತೆಗೆ ಗ್ರಾಜುಯೇಟ್ ಕೋಆರ್ಡಿನೇಟರ್ ಅಂತ ಒಬ್ಬ ಸಿಬ್ಬಂದಿ ಇರುತ್ತಾರೆ. ಯಾವ ಪತ್ರ ಯಾವಾಗ ಹೊರಡುತ್ತದೆ ಎನ್ನುವುದು ಈ ಕೋಆರ್ಡಿನೇಟರ್‌ಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಹಾಕಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೀಟು ಕೊಡುವವರು ಬೇರೆ, ದುಡ್ಡು ಕೊಡುವವರು ಬೇರೆ ಅನ್ನೋದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ ಅಲ್ವಾ? ಅದು ಅರ್ಥವಾದರೆ ಮೇಲ್‌ನಲ್ಲಿ ಏನು ಕೇಳಬೇಕು ಅನ್ನೋದೂ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಅರ್ಜಿಯನ್ನು ಕೂತು ಓದಿದ್ದು ಡಿಪಾರ್ಟ್‌ಮೆಂಟಿನ ಕಮಿಟಿ. ನಾಲ್ಕೈದು ಪ್ರೊಫೆಸರ್‌ಗಳು ಶಿಫಾರಸು ಪತ್ರ, ಅಂಕಪಟ್ಟಿ, ನೀವು ಬರೆದ ಸ್ಟೇಟ್‌ಮೆಂಟ್ ಎಲ್ಲ ನೋಡಿ 'ಇವರು ಬೇಕು' ಅಂತ ಬರೆದು ಮೇಲಕ್ಕೆ ಕಳಿಸುತ್ತಾರೆ. ಗ್ರಾಜುಯೇಟ್ ಸ್ಕೂಲ್ ನೋಡುವುದು ಬೇರೆ ವಿಷಯಗಳನ್ನು. ಡಿಗ್ರಿ ನಿಜವೇ, ಕನಿಷ್ಠ ಅಂಕ ಇದೆಯೇ, ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ಸಾಕೇ? ಇವೆಲ್ಲ ಸರಿಯಿದ್ದರೆ ಯೂನಿವರ್ಸಿಟಿಯ ಹೆಸರಲ್ಲಿ ಅಧಿಕೃತ ಪತ್ರ ಹೊರಡಿಸುತ್ತದೆ. ನಿಮ್ಮ ಕೈಗೆ ಬಂದಿರುವುದು ಆ ಪತ್ರ. ಹಣದ ಪತ್ರ ಅನೇಕ ಕಡೆ ಡಿಪಾರ್ಟ್‌ಮೆಂಟಿನಿಂದಲೇ ಬೇರೆಯಾಗಿ ಬರುತ್ತದೆ. ಅದಿನ್ನೂ ಬಂದಿಲ್ಲ ಅಂದರೆ ಮೂರರಲ್ಲೊಂದು ಕಾರಣ. ಪತ್ರ ಇನ್ನೂ ತಯಾರಾಗಿಲ್ಲ. ಇಲ್ಲವೇ ಸೀಟಿದೆ, ಆದರೆ ಹಣಕ್ಕೆ ನೀವು ವೇಟಿಂಗ್ ಲಿಸ್ಟಿನಲ್ಲಿದ್ದೀರಿ. ಅದೂ ಅಲ್ಲದಿದ್ದರೆ, ಹಣವಿಲ್ಲದೆ ಬರುವುದಾದರೆ ಬನ್ನಿ ಎಂದರ್ಥ. ನೋಡಲು ಮೂರೂ ಒಂದೇ ಥರ ಇರುತ್ತವೆ. ಅದಕ್ಕೇ ಕೇಳಲೇಬೇಕು.

ಹಾಗಾದರೆ ಡೀನ್ ಏನು ಮಾಡುತ್ತಾರೆ? ಒಂದೊಂದು ಅರ್ಜಿಯನ್ನು ಅವರು ನೋಡುವುದು ಅಪರೂಪ. ಅವರ ಕೆಲಸ ಇಡೀ ಯೂನಿವರ್ಸಿಟಿಗೆ ನಿಯಮ ಹಾಕುವುದು. ಸ್ಟೈಪೆಂಡ್ ಇಷ್ಟಕ್ಕಿಂತ ಕಡಿಮೆ ಇರಬಾರದು, ಡಿಗ್ರಿ ಇಷ್ಟು ವರ್ಷದೊಳಗೆ ಮುಗಿಯಬೇಕು, ಅಸಿಸ್ಟೆಂಟ್‌ಶಿಪ್ (ಪಾಠ ಅಥವಾ ಸಂಶೋಧನೆಯ ಕೆಲಸ ಮಾಡಿ ಸ್ಟೈಪೆಂಡ್ ಪಡೆಯುವುದು) ಇರುವವರು ಇಷ್ಟು ಕ್ರೆಡಿಟ್‌ಗೆ ರಿಜಿಸ್ಟರ್ ಆಗಿರಬೇಕು, ಹೀಗೆ. ಜೊತೆಗೆ ಫೆಲೋಶಿಪ್‌ಗಳ ಹಣವನ್ನು ಡಿಪಾರ್ಟ್‌ಮೆಂಟುಗಳಿಗೆ ಹಂಚುವುದು, ಯಾವ ಕೋರ್ಸಿಗೆ ಎಷ್ಟು ಜನ ಸೇರಿದರು ಎಂದು ಲೆಕ್ಕ ಇಡುವುದು, ವಿದ್ಯಾರ್ಥಿ ಮತ್ತು ಗೈಡ್ ನಡುವೆ ಜಗಳ ಬಂದರೆ ದೂರು ಕೇಳುವುದು. ಆ ಕೊನೆಯದು ನೆನಪಿರಲಿ. ಮುಂದೆಂದಾದರೂ ಡಿಪಾರ್ಟ್‌ಮೆಂಟಿನೊಳಗೆ ಬಗೆಹರಿಯದ ತೊಂದರೆ ಬಂದರೆ, ಡೀನ್ ಕಚೇರಿಯ ಬಾಗಿಲು ತಟ್ಟಬೇಕಾದ್ದು ಆಗ.

ಈಗ ಲೆಕ್ಕಕ್ಕೆ ಬರೋಣ. ಒಂದು ಡಿಪಾರ್ಟ್‌ಮೆಂಟಿಗೆ 30 ಅಸಿಸ್ಟೆಂಟ್‌ಶಿಪ್ ಕೊಡುವಷ್ಟು ಹಣ ಇದೆ ಎಂದುಕೊಳ್ಳಿ. ಒಬ್ಬೊಬ್ಬರಿಗೂ ಐದು ವರ್ಷ ಕೊಡುತ್ತೇವೆಂದು ಮಾತು ಕೊಡುತ್ತಾರೆ. ಅಂದರೆ ವರ್ಷಕ್ಕೆ ಹೊಸಬರಿಗೆ ಜಾಗ ಇರುವುದು ಆರೇ. ಹಳಬರಲ್ಲಿ ಇಬ್ಬರು ಆರನೇ ವರ್ಷಕ್ಕೂ ಎಳೆದರೆ ಅದು ನಾಲ್ಕಕ್ಕೆ ಇಳಿಯುತ್ತದೆ. ಇನ್ನೊಂದು ತಲೆನೋವು ಏನೆಂದರೆ, ಆಫರ್ ಕೊಟ್ಟವರೆಲ್ಲ ಬರುವುದಿಲ್ಲ. ಒಳ್ಳೆಯ ವಿದ್ಯಾರ್ಥಿಗಳಿಗೆ ನಾಲ್ಕಾರು ಕಡೆಯಿಂದ ಕರೆ ಇರುತ್ತದೆ. ಅರ್ಧದಷ್ಟು ಜನ ಬರಬಹುದು ಎಂದು ಅಂದಾಜು ಮಾಡಿ ಹನ್ನೆರಡು ಜನಕ್ಕೆ ಆಫರ್ ಕಳಿಸಿದರು ಅನ್ನಿ. ಹತ್ತು ಜನ 'ಬರ್ತೀವಿ' ಅಂದುಬಿಟ್ಟರೆ ಐದು ವರ್ಷ ಬಜೆಟ್ ಒದ್ದಾಡುತ್ತದೆ. ಈ ಭಯಕ್ಕೇ ಜಾಣ ಡಿಪಾರ್ಟ್‌ಮೆಂಟುಗಳು ಮೊದಲು ಕಡಿಮೆ ಜನಕ್ಕೆ ಹಣದ ಪತ್ರ ಕಳಿಸಿ, ಒಬ್ಬೊಬ್ಬರು ಬೇಡ ಅಂದ ಹಾಗೆ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತವೆ. ನಿಮಗೆ ಪತ್ರ ಬರದಿರುವುದಕ್ಕೆ ಯೋಗ್ಯತೆ ಕಾರಣ ಅಂತ ಕೊರಗಬೇಡಿ. ನಿಮಗೆ ಗೊತ್ತೇ ಇಲ್ಲದ ಯಾರೋ ಇನ್ನೂ ತೀರ್ಮಾನ ಮಾಡಿಲ್ಲದಿರಬಹುದು.

ಹಣ ಎಲ್ಲಿಂದ ಬರುತ್ತದೆ ಅನ್ನುವುದು ಇನ್ನೂ ಮುಖ್ಯ. ಅದರ ಮೇಲೇ ನಿಮ್ಮ ಮುಂದಿನ ಐದು ವರ್ಷದ ದಿನಚರಿ ನಿಂತಿರುತ್ತದೆ.

ಟಿಎ, ಅಂದರೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್, ಯೂನಿವರ್ಸಿಟಿಯ ಸ್ವಂತ ಬಜೆಟ್ಟಿನಿಂದ ಬರುತ್ತದೆ. ಡಿಗ್ರಿ ವಿದ್ಯಾರ್ಥಿಗಳ ಲ್ಯಾಬ್ ನೋಡಿಕೊಳ್ಳುವುದು, ಪೇಪರ್ ತಿದ್ದುವುದು, ವಾರಕ್ಕೊಮ್ಮೆ ಸಣ್ಣ ಕ್ಲಾಸ್ ತೆಗೆದುಕೊಳ್ಳುವುದು. ಎಷ್ಟು ಟಿಎ ಬೇಕೆಂಬುದು ಆ ಡಿಪಾರ್ಟ್‌ಮೆಂಟಿನಲ್ಲಿ ಎಷ್ಟು ಡಿಗ್ರಿ ವಿದ್ಯಾರ್ಥಿಗಳು ಓದುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ. ಗಣಿತ, ಕೆಮಿಸ್ಟ್ರಿ, ಇಂಗ್ಲಿಷ್ ಡಿಪಾರ್ಟ್‌ಮೆಂಟುಗಳಲ್ಲಿ ಟಿಎ ಜಾಸ್ತಿ ಇರುವುದು ಅದಕ್ಕೇ. ಹೊರದೇಶದವರಿಗೆ ಮಾತನಾಡುವ ಇಂಗ್ಲಿಷಿನ ಸ್ಕೋರ್ ಬೇರೆಯಾಗಿ ಕೇಳುವುದುಂಟು.

ಆರ್‌ಎ, ಅಂದರೆ ರಿಸರ್ಚ್ ಅಸಿಸ್ಟೆಂಟ್‌ಶಿಪ್, ಸಾಮಾನ್ಯವಾಗಿ ಪ್ರೊಫೆಸರ್ ತಂದ ಗ್ರಾಂಟಿನಿಂದ ಬರುತ್ತದೆ. ಕೇಳಲು ಇದು ಚೆಂದ. ನಿಮ್ಮ ಸಂಶೋಧನೆಗೇ ಸಂಬಳ. ಆದರೆ ಬಹುತೇಕ ಗ್ರಾಂಟುಗಳು ಮೂರರಿಂದ ಐದು ವರ್ಷಕ್ಕೆ ಮುಗಿಯುತ್ತವೆ, ಪಿಎಚ್.ಡಿ. ಅಷ್ಟರಲ್ಲಿ ಮುಗಿಯಬೇಕಲ್ಲ! ಇನ್ನೊಂದು ವಿಷಯ ವಿದ್ಯಾರ್ಥಿಗಳಿಗೆ ಕಾಣುವುದೇ ಇಲ್ಲ. ನಿಮ್ಮ ಟ್ಯೂಷನ್ 'ಮಾಫ್' ಆಯಿತು ಅಂತ ನಿಮಗೆ ಅನಿಸುತ್ತದೆ. ನಿಜದಲ್ಲಿ ಎಷ್ಟೋ ಕಡೆ ಅದನ್ನು ಪ್ರೊಫೆಸರ್ ತಮ್ಮ ಗ್ರಾಂಟಿನಿಂದ ಯೂನಿವರ್ಸಿಟಿಗೆ ಕಟ್ಟುತ್ತಾರೆ. ಸ್ಟೈಪೆಂಡ್, ಟ್ಯೂಷನ್, ಆರೋಗ್ಯ ವಿಮೆ, ಅದರ ಮೇಲೆ ಯೂನಿವರ್ಸಿಟಿಯ ಓವರ್‌ಹೆಡ್ (ಕಟ್ಟಡ, ಕಚೇರಿ ಖರ್ಚಿಗೆಂದು ಗ್ರಾಂಟಿನಿಂದ ಹಿಡಿದುಕೊಳ್ಳುವ ಪಾಲು) ಎಲ್ಲ ಕೂಡಿದರೆ ಒಬ್ಬ ವಿದ್ಯಾರ್ಥಿಯ ಖರ್ಚು ಒಬ್ಬ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಬಂದ ಸಂಶೋಧಕ) ಖರ್ಚಿನ ಹತ್ತಿರಕ್ಕೆ ಬರುವುದುಂಟು. (ಅಮೆರಿಕದ ಸರ್ಕಾರಿ ಗ್ರಾಂಟುಗಳಲ್ಲಿ ಓವರ್‌ಹೆಡ್ ಲೆಕ್ಕ ಹಾಕುವಾಗ ಟ್ಯೂಷನ್ ಮೊತ್ತವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಷ್ಟಾದರೂ ಉಳಿಯಿತು.) ಪೋಸ್ಟ್‌ಡಾಕ್ ಬಂದ ದಿನದಿಂದ ಕೆಲಸ ಮಾಡಬಲ್ಲರು, ನೀವು ಎರಡು ವರ್ಷ ಕಲಿಯಬೇಕು. ಪ್ರೊಫೆಸರ್ ನಿಮ್ಮ ಜೊತೆ ಚೆನ್ನಾಗಿ ಮಾತಾಡಿಯೂ ಹಣದ ಮಾತು ಬಂದಾಗ ಸುಮ್ಮನಾದರೆ, ಅವರ ತಲೆಯಲ್ಲಿ ಓಡುತ್ತಿರುವುದು ಈ ಲೆಕ್ಕ.

ಫೆಲೋಶಿಪ್ ಎಂದರೆ ಕೆಲಸ ಮಾಡದೆ ಸಿಗುವ ಹಣ. ಆದರೆ ಹೊರದೇಶದ ವಿದ್ಯಾರ್ಥಿಗಳಿಗೆ ಇಲ್ಲೊಂದು ಗೋಡೆ ಇದೆ. ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಹೆಸರಾಂತ ಗ್ರಾಜುಯೇಟ್ ಫೆಲೋಶಿಪ್ 1952ರಿಂದ ಇದೆ, ಅದಕ್ಕೆ ಅರ್ಜಿ ಹಾಕಲು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಟ್ರೇನಿಂಗ್ ಗ್ರಾಂಟುಗಳದ್ದೂ ಇದೇ ಕಥೆ. ನಿಮಗೆ ಸಿಗಬಹುದಾದ್ದು ಯೂನಿವರ್ಸಿಟಿಯ ಸ್ವಂತ ಫೆಲೋಶಿಪ್. ಅದಕ್ಕೆ ಬಹಳ ಕಡೆ ನೀವೇ ಅರ್ಜಿ ಹಾಕುವಂತಿಲ್ಲ, ಡಿಪಾರ್ಟ್‌ಮೆಂಟ್ ನಿಮ್ಮ ಹೆಸರನ್ನು ಗ್ರಾಜುಯೇಟ್ ಸ್ಕೂಲಿಗೆ ಕಳಿಸಬೇಕು. ಮೇಲ್‌ನಲ್ಲಿ ಇದನ್ನೂ ಕೇಳಿ.

ಹಣದ ಮೂಲ ಕೇಳಿ ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. 2022ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸುಮಾರು 48,000 ಟಿಎ, ಆರ್‌ಎ, ಪೋಸ್ಟ್‌ಡಾಕ್‌ಗಳು ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು. ನ್ಯಾಯವಾದ ಬೇಡಿಕೆಯೇ. ಆದರೆ ಹಣದ ಗಂಟು ಅಷ್ಟೇ ಇದ್ದು ತಲಾ ಖರ್ಚು ಏರಿದರೆ ಹೊಸಬರ ಸಂಖ್ಯೆ ಇಳಿಯಲೇಬೇಕು. 2025ರ ಪ್ರವೇಶಕ್ಕೆ ಬೋಸ್ಟನ್ ಯೂನಿವರ್ಸಿಟಿ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಹಲವು ಪಿಎಚ್.ಡಿ. ಕೋರ್ಸುಗಳಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಶೋಧನಾ ಹಣದ ಬಗ್ಗೆ ಗೊಂದಲ ಎದ್ದಾಗ, ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಆಗಲೇ ಕೊಟ್ಟಿದ್ದ ಪಿಎಚ್.ಡಿ. ಪ್ರವೇಶಗಳನ್ನೇ ವಾಪಸ್ ಪಡೆಯಿತು.

ಹಣದ ಪತ್ರ ಬಂತು ಎಂದುಕೊಳ್ಳೋಣ. ಅದರಲ್ಲಿ 50 ಪರ್ಸೆಂಟ್ ಅಪಾಯಿಂಟ್‌ಮೆಂಟ್ ಎಂದಿದ್ದರೆ ಅರ್ಧ ಸ್ಟೈಪೆಂಡ್ ಅಂತ ಬೇಸರ ಪಡಬೇಡಿ. ವಾರಕ್ಕೆ 20 ಗಂಟೆ ಕೆಲಸ ಎಂದರ್ಥ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನಲ್ಲಿ ಅದಕ್ಕಿಂತ ಹೆಚ್ಚು ದುಡಿಯುವಂತಿಲ್ಲ, ಹಾಗಾಗಿ ನಿಮ್ಮ ಮಟ್ಟಿಗೆ ಅದೇ ಪೂರ್ತಿ. 25 ಪರ್ಸೆಂಟ್ ಎಂದಿದ್ದರೆ ಮಾತ್ರ ಹುಬ್ಬು ಮೇಲೇರಿಸಿ. ಮೊತ್ತ ಒಂಬತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ ನೋಡಿ. ಒಂಬತ್ತಾದರೆ ಬೇಸಿಗೆಯ ಬಾಡಿಗೆ ಯಾರು ಕಟ್ಟುತ್ತಾರೆ? ಟ್ಯೂಷನ್ ಬೇರೆ, ಫೀಸ್ ಬೇರೆ. ಟ್ಯೂಷನ್ ಪೂರ್ತಿ ಬಿಟ್ಟರೂ ಫೀಸ್ ಹೆಸರಲ್ಲಿ ಸೆಮಿಸ್ಟರಿಗೊಮ್ಮೆ ಕೈಯಿಂದ ಕಟ್ಟಬೇಕಾಗಬಹುದು. ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಹೊರರಾಜ್ಯದವರ ಹೆಚ್ಚುವರಿ ಟ್ಯೂಷನ್ ಮಾತ್ರ ಬಿಟ್ಟು, ಉಳಿದದ್ದನ್ನು ಕಟ್ಟಿಸಿಕೊಳ್ಳುವ ಕಡೆಗಳೂ ಇವೆ. ಕೊನೆಗೆ, ಐದು ವರ್ಷದ ಭರವಸೆಯ ಪಕ್ಕದಲ್ಲೇ 'ಹಣ ಲಭ್ಯವಿದ್ದರೆ' ಎಂಬ ಅರ್ಥದ ಮಾತು ಇದ್ದೇ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಯಾರಿಗಾದರೂ ನಡುವೆ ಹಣ ನಿಂತಿದ್ದುಂಟೇ ಎಂದು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಡಿಪಾರ್ಟ್‌ಮೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ.

ಸೇರಿದ ಮೇಲೂ ರಿಜಿಸ್ಟ್ರೇಷನ್ ಕಡೆ ಒಂದು ಕಣ್ಣಿರಲಿ. ಕಷ್ಟವೆಂದು ಒಂದು ಕೋರ್ಸ್ ಕೈಬಿಟ್ಟರೆ ಕ್ರೆಡಿಟ್ ಕನಿಷ್ಠಕ್ಕಿಂತ ಕೆಳಗಿಳಿಯಬಹುದು. ಆಗ ವೀಸಾ ಸ್ಥಿತಿಗೂ ಏಟು, ಅಸಿಸ್ಟೆಂಟ್‌ಶಿಪ್‌ಗೂ ಏಟು. ಮಾಫಾದ ಟ್ಯೂಷನ್ ಬಿಲ್ ಎದ್ದು ಕೂರುತ್ತದೆ. ಕೋರ್ಸ್ ಬಿಡುವ ಮುಂಚೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗಿ, ಬಿಟ್ಟ ಮೇಲಲ್ಲ.

ಏಪ್ರಿಲ್ 15 ಎಂಬ ದಿನಾಂಕದ ಬಗ್ಗೆ ಕೇಳಿರುತ್ತೀರಿ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಘಟನೆಯ ಒಪ್ಪಂದ ಅದು. ಸಹಿ ಹಾಕಿದ ಯೂನಿವರ್ಸಿಟಿಗಳು ಹಣದ ಆಫರಿಗೆ ಆ ದಿನಕ್ಕಿಂತ ಮುಂಚೆ ಉತ್ತರ ಕೊಡಿ ಎಂದು ಒತ್ತಾಯಿಸಬಾರದು. ಗಮನಿಸಿ, ಇದು ಹಣದ ಆಫರಿಗೆ ಮಾತ್ರ. ಬರೀ ಸೀಟು ಕೊಟ್ಟ ನಿಮ್ಮ ಪತ್ರಕ್ಕೆ ಈ ರಕ್ಷಣೆ ಇಲ್ಲ. ಆದರೆ ಈ ದಿನಾಂಕ ಇನ್ನೊಂದು ರೀತಿ ನಿಮಗೆ ಉಪಯೋಗ. ಎರಡು ಮೂರು ಆಫರ್ ಹಿಡಿದುಕೊಂಡು ಕೂತವರು ಬೇಡದ್ದನ್ನು ಬಿಡುವುದು ಆ ವಾರದಲ್ಲೇ. ವೇಟಿಂಗ್ ಲಿಸ್ಟ್ ಸರಿಯುವುದೂ ಆಗಲೇ.

ಹಾಗಾಗಿ ಈಗ ಒಂದು ಚಿಕ್ಕ ಮೇಲ್ ಹಾಕಿ. ಸೀಟು ಕೊಟ್ಟಿದ್ದಕ್ಕೆ ಧನ್ಯವಾದ ಹೇಳಿ, ಮೂರು ಪ್ರಶ್ನೆ ಕೇಳಿ: ಹಣಕ್ಕೆ ನನ್ನ ಹೆಸರು ಪರಿಗಣನೆಯಲ್ಲಿದೆಯೇ, ಯಾವಾಗ ಗೊತ್ತಾಗುತ್ತದೆ, ಯಾವ ಮೂಲದಿಂದ ಬರುವ ಸಾಧ್ಯತೆ ಇದೆ. ಬೇರೆ ಕಡೆ ಹಣದ ಆಫರ್ ಇದ್ದರೆ ಅದನ್ನೂ ನೇರವಾಗಿ ಬರೆಯಿರಿ, ಅದರಲ್ಲಿ ಸಂಕೋಚ ಬೇಡ. ನಿಮಗೆ ಇಷ್ಟವಾದ ಪ್ರೊಫೆಸರ್‌ಗೂ ಬರೆಯಬಹುದು, ಆದರೆ ಅವರ ಬಾಯಿಮಾತಿನ ಭರವಸೆ ಪತ್ರವಲ್ಲ. ಐ-20 (ವೀಸಾ ಅರ್ಜಿಗೆ ಬೇಕಾಗುವ ಯೂನಿವರ್ಸಿಟಿಯ ಪತ್ರ) ಕೊಡಲು ಯೂನಿವರ್ಸಿಟಿಗೆ ಮೊದಲ ವರ್ಷದ ಖರ್ಚಿನ ದಾಖಲೆ ಬೇಕು. ಅದಕ್ಕೆ ಬರಹದಲ್ಲಿರುವ ಆಫರ್ ಮಾತ್ರ ನಡೆಯುತ್ತದೆ, ಇಲ್ಲದಿದ್ದರೆ ನಿಮ್ಮ ಬ್ಯಾಂಕ್ ದಾಖಲೆ.

ಏಪ್ರಿಲ್ ಕೊನೆಗೂ 'ಹಣ ಇಲ್ಲ, ಬೇಕಾದರೆ ಸ್ವಂತ ಖರ್ಚಲ್ಲಿ ಬನ್ನಿ' ಎಂದರೆ? ಮಾಸ್ಟರ್ಸ್ ಆಗಿದ್ದರೆ ನಾನು ಬೇರೆ ಥರ ಹೇಳುತ್ತಿದ್ದೆ. ಅಲ್ಲಿ ಸ್ವಂತ ಖರ್ಚೇ ಸಾಮಾನ್ಯ, ಎಷ್ಟೋ ಯೂನಿವರ್ಸಿಟಿಗಳು ಆ ಫೀಸಿನಿಂದಲೇ ಬೇರೆ ಖರ್ಚು ತೂಗಿಸುತ್ತವೆ. ಪಿಎಚ್.ಡಿ.ಗೆ ಮಾತ್ರ ಸಾಲ ಮಾಡಿ ಹೋಗಬೇಡಿ. 'ಹೋದ ಮೇಲೆ ಏನಾದರೂ ಸಿಗುತ್ತೆ ಬಿಡು' ಅನ್ನುವವರು ಸಿಗುತ್ತಾರೆ, ಕೆಲವರಿಗೆ ಸಿಕ್ಕಿದ್ದೂ ನಿಜ. ಆದರೆ ಸಿಗದಿದ್ದವರ ಬಿಲ್ ಅವರು ಕಟ್ಟುವುದಿಲ್ಲ. ಒಂದು ವರ್ಷ ಪ್ರವೇಶ ಮುಂದಕ್ಕೆ ಹಾಕಲು ಆಗುತ್ತದೆಯೇ, ಹಾಕಿದರೆ ಮುಂದಿನ ವರ್ಷದ ಹಣಕ್ಕೆ ನನ್ನ ಹೆಸರು ಹೊಸದಾಗಿ ನೋಡುತ್ತೀರಾ ಎಂದು ಅದೇ ಕೋಆರ್ಡಿನೇಟರ್‌ಗೆ ಬರೆದು ಕೇಳಿ. ಕೆಲವು ಕಡೆ ಹೂಂ ಅನ್ನುತ್ತಾರೆ, ಕೆಲವು ಕಡೆ ಮತ್ತೆ ಅರ್ಜಿ ಹಾಕಿ ಅನ್ನುತ್ತಾರೆ.