ಹಸಿರು ಕಂಡರೆ ಸಾಲದು, ಎಣಿಸಬೇಕು

ಕುಮಟಾ ಕಡೆಯ ಒಂದು ಹಳೇ ಚಿರೆಕಲ್ಲು ಕ್ವಾರಿಯ ಉಪಗ್ರಹ ಚಿತ್ರವನ್ನು ಗೆಳೆಯರೊಬ್ಬರು ಮೊಬೈಲಿನಲ್ಲಿ ತೋರಿಸಿದರು. "ನೋಡಿ, ಕಾಡು ವಾಪಸ್ ಬಂದೇ ಬಿಟ್ಟಿದೆ" ಅಂದರು. ಹಸಿರೇನೋ ನಿಜ. ಆದರೆ ಅದು ಅಕ್ಟೋಬರ್ ತಿಂಗಳ ಚಿತ್ರ. ಆ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಹಂಚಿನ ಮಾಡೂ ಹಸಿರು, ಕಂಪೌಂಡ್ ಗೋಡೆಯೂ ಹಸಿರು. ಹಸಿರು ಕಂಡ ತಕ್ಷಣ ಕಾಡು ಅನ್ನುವುದನ್ನು ಕೇಳಿದರೆ ನನಗೆ ಸುಮ್ನಿರಲು ಆಗುವುದಿಲ್ಲ. ಅಗೆದ ನೆಲದಲ್ಲಿ ಗಿಡ ಎಷ್ಟು ಮರಳಿದೆ ಎಂದು ಅಳೆಯಲು ಬರುತ್ತದೆ. ಆ ಅಳತೆಯೇ ಒಂದು ಸೊಗಸು.

ಗಿಡ ಅಳೆಯುವಾಗ ಉಪಗ್ರಹ ನಿಜವಾಗಿ ನೋಡುವುದು ಹಸಿರನ್ನಲ್ಲ. ಕೆಂಪು ಬೆಳಕು ಮತ್ತು ನಮ್ಮ ಕಣ್ಣಿಗೆ ಕಾಣದ ಅವಗೆಂಪು, ಇವೆರಡು ಎಲೆಯಿಂದ ಎಷ್ಟೆಷ್ಟು ತಿರುಗಿ ಬರುತ್ತವೆ ಅಂತ ನೋಡುತ್ತದೆ. ಕೆಂಪನ್ನು ಪತ್ರಹರಿತ್ತು ನುಂಗುತ್ತದೆ, ಅದು ಎಲೆಯ ಊಟ. ಅವಗೆಂಪು ಮಾತ್ರ ವಾಪಸ್ ಚಿಮ್ಮುತ್ತದೆ. ಯಾಕೆ?

ಕಾರವಾರದ ಬೀಚಿನಲ್ಲಿ ನಿಂತು ಅಲೆ ನೋಡಿ. ಬೊಗಸೆಯಲ್ಲಿ ಹಿಡಿದ ನೀರಿಗೆ ಬಣ್ಣವಿಲ್ಲ. ಅದೇ ನೀರು ಒಡೆದು ನೊರೆಯಾದರೆ ಬೆಳ್ಳಗೆ. ನೊರೆಯಲ್ಲಿ ನೀರು, ಗಾಳಿ, ಮತ್ತೆ ನೀರು, ಮತ್ತೆ ಗಾಳಿ. ಪ್ರತಿ ಗಡಿಯಲ್ಲೂ ಬೆಳಕು ಸ್ವಲ್ಪ ತಿರುಗುತ್ತದೆ, ಕೊನೆಗೆ ಬಂದ ದಾರಿಯಲ್ಲೇ ಹೊರಗೆ ಬೀಳುತ್ತದೆ. ಸಾಣಿಕಟ್ಟಾದ ಉಪ್ಪೂ ಹಾಗೇ ಅಲ್ವಾ? ಒಂದು ಹರಳು ಗಾಜಿನ ಚೂರಿನಂತೆ, ರಾಶಿ ಹಾಕಿದರೆ ಬಿಳಿ. ಎಲೆಯ ಒಳಗೂ ನೀರು ತುಂಬಿದ ಜೀವಕೋಶಗಳು, ನಡುನಡುವೆ ಗಾಳಿಯ ಸಂದು. ಅಂದರೆ ಅವಗೆಂಪಿನ ಪಾಲಿಗೆ ಪ್ರತಿ ಎಲೆಯೂ ಒಂದು ಹಿಡಿ ನೊರೆ! ಅವಗೆಂಪು ಕಾಣುವ ಕಣ್ಣು ನಮಗಿದ್ದಿದ್ದರೆ ದೇವಿಮನೆ ಘಾಟಿ ಬೆಳಗಿದ ಹಾಗೆ ಕಾಣುತ್ತಿತ್ತು.

ಲೆಕ್ಕ ಸುಲಭ. ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. 100ರಲ್ಲಿ 50 ಪಾಲು ಅವಗೆಂಪು, 5 ಪಾಲು ಕೆಂಪು ತಿರುಗಿ ಬಂದರೆ 45ನ್ನು 55ರಿಂದ ಭಾಗಿಸಬೇಕು, ಸುಮಾರು 0.8. ತುಂಬಿದ ಹಸಿರು. ಬರೀ ಕೆಂಪು ನೆಲದಲ್ಲಿ ಈ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಇದಕ್ಕೆ ಎನ್‌ಡಿವಿಐ ಅಂತ ಹೆಸರು. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ ಮೇಲೆ ಅಮೆರಿಕದ ಹುಲ್ಲುಗಾವಲು ಅಳೆಯಲು ಬಳಕೆಗೆ ಬಂದದ್ದು.

ತೊಂದರೆ ಎಲ್ಲಿ ಗೊತ್ತಾ? ಈ ಅಂಕಿಗೆ ಯಾವ ಗಿಡ ಅನ್ನುವುದು ಗೊತ್ತಾಗುವುದಿಲ್ಲ. ಅಕ್ಟೋಬರಿನಲ್ಲಿ ಹುಲ್ಲಿಗೂ ಒಳ್ಳೇ ಅಂಕ. ಏಪ್ರಿಲಿನಲ್ಲಿ ನೋಡೋಣ ಅಂದರೆ ಆಗ ಇನ್ನೊಂದು ಮೋಸ. ನಮ್ಮ ಮತ್ತಿ ಮರ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ, ನೆಟ್ಟ ಅಕೇಶಿಯಾ ಹಸಿರಾಗೇ ಇರುತ್ತದೆ. ಆಸ್ಟ್ರೇಲಿಯಾ ಕಡೆಯಿಂದ ಬಂದ ಮರಕ್ಕೆ ಊರ ಮರಕ್ಕಿಂತ ಜಾಸ್ತಿ ಅಂಕ! ಅದಕ್ಕೇ ಒಂದು ಚಿತ್ರ ಸಾಲದು. ಪ್ರತಿ ವರ್ಷ ಅದೇ ತಿಂಗಳ ಚಿತ್ರ ಬೇಕು, ಪಕ್ಕದ ಅಗೆಯದ ಬೆಟ್ಟದ ಅಂಕಿಯೂ ಬೇಕು. ಜೊತೆಗೆ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಅಗಲ. ಸಣ್ಣ ಕ್ವಾರಿ ಅಂದರೆ ನಾಲ್ಕೈದು ಚುಕ್ಕೆ, ಅಷ್ಟೇ.

ಹಾಗಾಗಿ ನೆಲಕ್ಕೆ ಇಳಿಯಲೇಬೇಕು. 1898ರಲ್ಲಿ ಅಮೆರಿಕದ ನೆಬ್ರಾಸ್ಕಾದ ಸಸ್ಯಶಾಸ್ತ್ರಜ್ಞರಾದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಹುಲ್ಲುಗಾವಲಿನಲ್ಲಿ ಚೌಕ ಗುರುತಿಸಿ ಒಂದೊಂದೇ ಗಿಡ ಎಣಿಸಿದರು. ಎಣಿಸಿದ ಮೇಲೆ ತಮ್ಮದೇ ಕಣ್ಣಂದಾಜು ತಪ್ಪು ಅಂತ ಗೊತ್ತಾಯಿತು. ಈ ಪೌಂಡ್ ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದರು. ಕಣ್ಣಂದಾಜನ್ನು ಬಿಟ್ಟು ಪುರಾವೆ ಕೇಳುವ ಬುದ್ಧಿ ಹುಲ್ಲಿನಲ್ಲೇ ಶುರುವಾಗಿತ್ತು ಅಂತ ನನಗೆ ಅನಿಸುತ್ತದೆ.

ನಾನೂ ಪ್ಲಂಬರ್ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೋ ಸೇರಿಸಿ 1 ಮೀಟರ್ ಚೌಕ ಮಾಡಿಕೊಂಡು ಆ ಕ್ವಾರಿಗೆ ಹೋದೆ. ಚೆಂದ ಕಂಡಲ್ಲಿ ಇಟ್ಟರೆ ಲೆಕ್ಕ ಕೆಡುತ್ತದೆ. ಅದಕ್ಕೇ ಜಾಗದ ನಕ್ಷೆಗೆ ನಂಬರ್ ಹಾಕಿ ಚೀಟಿ ಎತ್ತಿದ್ದೆ. ಮೊದಲ ಚೀಟಿಗಳು ಕಲ್ಲು ಕೊಯ್ದ ತಳದಲ್ಲೇ ಬಿದ್ದವು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ಹಿಂದೆ ಅಲ್ಲೇ ಕಲ್ಲು ಕೊಯ್ಯುತ್ತಿದ್ದ ಹಿರಿಯರೊಬ್ಬರು ದಾರಿಯಲ್ಲಿ ನಿಂತು ಹೇಳಿದರು: "ಇಲ್ಲಿ ಎಂತ ಸಿಕ್ತದೆ ಮಾರಾಯ್ರೆ? ಮೇಲಿನ ಮಣ್ಣೆಲ್ಲ ತೆಗ್ದು ಆಚೆ ಬದಿಗೆ ಹಾಕಿದ್ದು."

ಅವರ ಮಾತಿನಲ್ಲೇ ಕಾರಣ ಇತ್ತು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಈಸ್ಟ್ ಇಂಡಿಯಾ ಕಂಪನಿಗಾಗಿ ಸರ್ವೆ ಮಾಡುತ್ತ ಊರೂರು ಸುತ್ತಿದ ಫ್ರಾನ್ಸಿಸ್ ಬುಕಾನನ್. ನಮ್ಮ ಸೋಂದಾ, ಶಿರಸಿ ಕಡೆಗೂ ಬಂದು ಹೋದ ಮನುಷ್ಯ. ಮಲಬಾರಿನ ಅಂಗಡಿಪುರಂನಲ್ಲಿ ಕಂಡದ್ದನ್ನು 1807ರ ಪುಸ್ತಕದಲ್ಲಿ ಬರೆದರು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ, ಹೆಸರು ಅದರಿಂದಲೇ ಬಂದದ್ದು. ನೆಲದಡಿ ಮೆತ್ತಗೆ, ಗಾಳಿಗೆ ಬಂದರೆ ಗಟ್ಟಿ. ಮನೆ ಕಟ್ಟುವವರಿಗೆ ವರವಾದ ಈ ಗುಣವೇ ಬೀಜಕ್ಕೆ ಶಾಪ. ಬೇರು ಇಳಿಯಲು ಜಾಗವೇ ಇಲ್ಲ. ಬೇಲೆಕೇರಿ ಬಂದರಿಗೆ ಅದಿರು ಕಳಿಸಿದ ಬಳ್ಳಾರಿಯ ಗಣಿಗಳಿಗೂ 2011ರ ಸುಪ್ರೀಂ ಕೋರ್ಟ್ ತಡೆಯ ನಂತರ ನೆಲ ಸರಿಪಡಿಸುವ ಯೋಜನೆ ಕಡ್ಡಾಯವಾಯಿತು. ಅಲ್ಲೂ ನೆಟ್ಟ ಸಸಿಗಳ ಸಂಖ್ಯೆ ಕೇಳುವ ಮೊದಲು ಮೇಲ್ಮಣ್ಣು ಎಲ್ಲಿ ಹೋಯಿತು ಅಂತ ಕೇಳಬೇಕು.

ಆಚೆ ಬದಿಯ ಮಣ್ಣಿನ ದಿಬ್ಬದ ಮೇಲೆ ಅಕೇಶಿಯಾ ಬೆಳೆದಿತ್ತು. ಅದರಡಿ ಏನೂ ಹುಟ್ಟುವುದಿಲ್ಲ ಅಂತ ನಾನೂ ನಂಬಿದ್ದೆ. ಚೌಕ ಇಟ್ಟು, ಕುಡುಗೋಲಿನಂತೆ ಬಾಗಿದ, ಉದುರಿ ಒಣಗಿದ ದಪ್ಪ ದರಕನ್ನು ಕೈಯಿಂದ ಸರಿಸಿದೆ. (ಅದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು! ಎಳೇ ಸಸಿಯಲ್ಲಿ ಮಾತ್ರ ನಾಚಿಕೆಮುಳ್ಳಿನಂಥ ನಿಜವಾದ ಎಲೆ ಕಾಣುತ್ತದೆ.) ಕೆಳಗೆ ನಾಲ್ಕೇ ಎಲೆಯ ನಮ್ಮ ಕಾಡಿನ ಸಳ್ಳೆ ಮರದ ಒಂದು ಸಸಿ. ಪಕ್ಕದಲ್ಲಿ ಬೆರಳುದ್ದದ ನೇರಳೆ. ಯಾರೂ ನೆಟ್ಟದ್ದಲ್ಲ. ಮೇಲೆ ಕೊಂಬೆಯಲ್ಲಿ ಕೂತ ಪಿಕಳಾರವೋ ಇನ್ಯಾವುದೋ ಹಕ್ಕಿ ಹಾಕಿ ಹೋದ ಬೀಜ. ಉಪಗ್ರಹಕ್ಕೆ ಇವು ಕಾಣುವುದಿಲ್ಲ, ಅಕೇಶಿಯಾದ ನೆರಳಿನಡಿ ಅಡಗಿವೆ. ನನ್ನ ನೋಟ್‌ಬುಕ್ಕಿನಲ್ಲಿ ನೆಟ್ಟ ಗಿಡಕ್ಕೊಂದು ಸಾಲು, ತಾನಾಗಿ ಬಂದ ಗಿಡಕ್ಕೊಂದು ಸಾಲು ಇದೆ. ಎರಡನೇ ಸಾಲಿನಲ್ಲಿ ಎರಡು ಗೆರೆ ಎಳೆದೆ. ಸಸಿಗಳ ಬುಡದಲ್ಲಿ ಕೆಂಪು ದಾರ ಕಟ್ಟಿದ ಕಡ್ಡಿ ಊರಿ ಬಂದಿದ್ದೇನೆ. ಏಪ್ರಿಲಿನ ಬಿಸಿಲಿಗೆ ಉಳಿದಿರುತ್ತವಾ ಅಂತ ನೋಡಲು ಅದೇ ಚೌಕ ಹಿಡಿದು ಮತ್ತೆ ಹೋಗಬೇಕು.