ಒಂದು ನಕಲಿ ವಾಚು ಗಡಿ ದಾಟಬಹುದೇ? ಏರ್‌ಪೋರ್ಟ್ ಎಚ್ಚರಿಕೆಗಳ ಹಿನ್ನೆಲೆ

ಪ್ರವಾಸಕ್ಕೆ ಹೋದವರೊಬ್ಬರು ಬೀದಿಬದಿಯಲ್ಲಿ ಅಗ್ಗಕ್ಕೆ ಒಂದು ವಾಚು ಕೊಂಡರು ಅಂತಿಟ್ಟುಕೊಳ್ಳಿ. ದೊಡ್ಡ ಬ್ರ್ಯಾಂಡಿನ ಹೆಸರಿದೆ, ಆದರೆ ಡೂಪ್ಲಿಕೇಟ್ ಮಾಲು. ಮಾರುವ ಉದ್ದೇಶವಿಲ್ಲ, ಸ್ವಂತಕ್ಕೆ ಅಷ್ಟೆ. ಅದನ್ನು ಕಟ್ಟಿಕೊಂಡು ನ್ಯೂಯಾರ್ಕಿನಲ್ಲಿ ಇಳಿದರೆ ಅಲ್ಲಿನ ಕಾನೂನಿನಲ್ಲಿ ವಿನಾಯಿತಿ ಇದೆ. ಫ್ರಾಂಕ್‌ಫರ್ಟಿನಲ್ಲೂ ಸಾಮಾನ್ಯವಾಗಿ ತೊಂದರೆಯಿಲ್ಲ. ಝೂರಿಕ್‌ನಲ್ಲಿ ವಾಚು ಕಿತ್ತುಕೊಳ್ಳಬಹುದು, ಆದರೆ ಶಿಕ್ಷೆ ಇಲ್ಲ. ಪ್ಯಾರಿಸ್ಸಿನಲ್ಲಿ ವಾಚು ಹೋಗುವುದರ ಜೊತೆಗೆ ದಂಡವೂ ಬೀಳಬಹುದು. ಅಲ್ಲಿನ ಕಾನೂನಿನಲ್ಲಿ ಜೈಲಿನ ಮಾತೂ ಇದೆ.

ಆದರೆ ಏರ್‌ಪೋರ್ಟ್‌ಗಳಲ್ಲಿ ಕಾಣುವ ಎಚ್ಚರಿಕೆಗಳ ಧಾಟಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ನಕಲಿ ಕೊಳ್ಳಬೇಡಿ, ತರಬೇಡಿ, ಅಪರಾಧಕ್ಕೆ ಕೈಜೋಡಿಸಬೇಡಿ. ಕೆಲವು ಕಡೆ ಜಪ್ತಿಯಾದ ಬ್ಯಾಗು, ಬೆಲ್ಟು, ಶೂಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿರುತ್ತಾರೆ. ನೋಡಿದವರಿಗೆ ಹೆದರಿಕೆಯಂತೂ ಆಗುತ್ತದೆ. ಆ ದೇಶದಲ್ಲಿ ನಿಜವಾಗಿ ಏನಾಗುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಇಷ್ಟು ಗೊಂದಲ ಹೇಗೆ ಹುಟ್ಟಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ನೂರು ವರ್ಷವನ್ನು ಬೇಗ ಹೇಳಿಬಿಡಬಹುದು. 1883ರ ಪ್ಯಾರಿಸ್ ಒಪ್ಪಂದವೇ ಸುಳ್ಳು ಟ್ರೇಡ್‌ಮಾರ್ಕ್ ಹಚ್ಚಿದ ಸರಕನ್ನು ಗಡಿಯಲ್ಲಿ ಹಿಡಿಯುವ ಮಾತಾಡಿತ್ತು. 1979ರಲ್ಲಿ ಮುಗಿದ ಟೋಕಿಯೋ ಸುತ್ತಿನ ವ್ಯಾಪಾರ ಮಾತುಕತೆಯಲ್ಲಿ ನಕಲಿ ಮಾಲಿನ ಬಗ್ಗೆ ಪ್ರತ್ಯೇಕ ನಿಯಮದ ಕರಡು ಬಂತು, ಒಮ್ಮತ ಸಿಗಲಿಲ್ಲ. 1986ರಲ್ಲಿ ಯುರೋಪಿನ ದೇಶಗಳು ತಮ್ಮದೇ ಗಡಿ ನಿಯಮ ಮಾಡಿಕೊಂಡವು. 1994ರಲ್ಲಿ ಮರಾಕೇಶ್‌ನಲ್ಲಿ ಸಹಿಯಾದ, ಟ್ರೇಡ್‌ಮಾರ್ಕ್, ಪೇಟೆಂಟ್‌ನಂಥ ಬೌದ್ಧಿಕ ಆಸ್ತಿ ಕುರಿತ ಟ್ರಿಪ್ಸ್ ಒಪ್ಪಂದ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯ ಎಲ್ಲ ಸದಸ್ಯ ದೇಶಗಳ ಕರ್ತವ್ಯವಾಗಿಸಿತು. 1995ರ ಜನವರಿ 1ರಿಂದ ಅದು ಜಾರಿಗೆ ಬಂತು.

ಟ್ರಿಪ್ಸ್‌ನ ಎರಡು ವಿಧಿಗಳನ್ನು ಒಟ್ಟಿಗೆ ಓದಬೇಕು. 51ನೇ ವಿಧಿ ಹೇಳುವುದು, ನಕಲಿ ಮಾಲು ಒಳಗೆ ಬರುತ್ತಿದೆ ಎಂದು ಟ್ರೇಡ್‌ಮಾರ್ಕಿನ ಒಡೆಯರು ದೂರು ಕೊಟ್ಟರೆ ಕಸ್ಟಮ್ಸ್ ಅದನ್ನು ತಡೆಹಿಡಿಯುವ ವ್ಯವಸ್ಥೆ ಇರಬೇಕು. 60ನೇ ವಿಧಿ ಹೇಳುವುದು, ಪ್ರಯಾಣಿಕರ ಸ್ವಂತ ಲಗೇಜಿನಲ್ಲಿರುವ, ವ್ಯಾಪಾರಕ್ಕಲ್ಲದ ಸಣ್ಣ ಪ್ರಮಾಣದ ವಸ್ತುಗಳನ್ನು ಬೇಕಾದರೆ ಇದರಿಂದ ಹೊರಗಿಡಬಹುದು. ಅಂದರೆ ಲಗೇಜನ್ನು ಏನು ಮಾಡಬೇಕೆಂಬುದನ್ನು ಒಪ್ಪಂದ ಆಯಾ ದೇಶಕ್ಕೇ ಬಿಟ್ಟುಕೊಟ್ಟಿತು. ಕಂಟೇನರ್ ತುಂಬಾ ಬರುವ ಸಾವಿರಾರು ಜೊತೆ ಶೂಗಳೇ ಆಗ ಎಲ್ಲರ ತಲೆನೋವು. ಪ್ರವಾಸಿಯ ಸೂಟ್‌ಕೇಸಿನಲ್ಲಿದ್ದ ಒಂದು ಜೊತೆಯ ಬಗ್ಗೆ ತಲೆಕೆಡಿಸಿಕೊಳ್ಳಲು ಹೆಚ್ಚಿನವರಿಗೆ ಕಾರಣವೂ ಇರಲಿಲ್ಲ. ಇಂದಿನ ಗೊಂದಲದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಬಹಳಷ್ಟು ದೇಶಗಳು ಈ ವಿನಾಯಿತಿಯನ್ನು ಇಟ್ಟುಕೊಂಡವು. ಅಮೆರಿಕದಲ್ಲಿ ಅದು ಟ್ರಿಪ್ಸ್‌ಗಿಂತ ಹಳೆಯದು, 1978ರದ್ದು. ಪ್ರಯಾಣಿಕರು ಪ್ರತಿ ಬಗೆಯ ವಸ್ತುವಿನಲ್ಲಿ ಒಂದನ್ನು ಮಾತ್ರ ತರಬಹುದು. ಅದು ಅವರ ಜೊತೆಯಲ್ಲೇ ಬರಬೇಕು, ಸ್ವಂತ ಬಳಕೆಗೇ ಇರಬೇಕು. ಹಿಂದಿನ 30 ದಿನಗಳಲ್ಲಿ ಇದೇ ವಿನಾಯಿತಿ ಬಳಸಿರಬಾರದು. ಭಾರತದ 2007ರ ಗಡಿ ನಿಯಮಗಳೂ ವ್ಯಾಪಾರಕ್ಕಲ್ಲದ ಸ್ವಂತ ಬ್ಯಾಗೇಜನ್ನು ಹೊರಗಿಟ್ಟಿವೆ. ಚೀನಾದ ನಿಯಮವೂ ಸ್ವಂತ ಬಳಕೆಗೆ ಬೇಕಾಗುವಷ್ಟನ್ನು ಮೀರಿದರೆ ಮಾತ್ರ ಕ್ರಮ ಎನ್ನುತ್ತದೆ. ಯುರೋಪಿಯನ್ ಯೂನಿಯನ್ನಿನ ಈಗಿನ ನಿಯಮ 2013ರದ್ದು. ಅದೂ ವ್ಯಾಪಾರದ ಸುಳಿವಿಲ್ಲದ ಪ್ರಯಾಣಿಕರ ಲಗೇಜಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ಪ್ಯಾರಿಸ್ಸಿನಲ್ಲಿ ಯಾಕೆ ಹಿಡಿಯುತ್ತಾರೆ? ಯೂನಿಯನ್ನಿನ ನಿಯಮ ಬಿಟ್ಟ ಜಾಗವನ್ನು ಫ್ರಾನ್ಸ್ ತನ್ನದೇ ಕಾನೂನಿನಿಂದ ತುಂಬಿಕೊಂಡಿದೆ. 1994ರ ಕಾನೂನು ಅಲ್ಲಿನ ಕಸ್ಟಮ್ಸ್‌ಗೆ ಹೊಸ ಬಲ ಕೊಟ್ಟಿತು. 2004ರಲ್ಲಿ ಶಿಕ್ಷೆ ಇನ್ನೂ ಏರಿತು. ಸರಿಯಾದ ಕಾರಣವಿಲ್ಲದೆ ನಕಲಿ ಮಾಲು ಇಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು, 3 ಲಕ್ಷ ಯೂರೋವರೆಗೆ ದಂಡ. ಒಂದು ಕೈಚೀಲ ತಂದವರಿಗೆ ಇಷ್ಟೆಲ್ಲ ಹಾಕುತ್ತಾರೆ ಎಂದಲ್ಲ, ಇದು ಕಾನೂನಿನ ಮೇಲಿನ ಮಿತಿ. ಆದರೆ ಪ್ರಚಾರ ಮಾಡುವಾಗ ಮುಂದೆ ಬರುವುದು ಈ ದೊಡ್ಡ ಅಂಕಿಯೇ. ಐಷಾರಾಮಿ ಬ್ರ್ಯಾಂಡುಗಳ ಒಕ್ಕೂಟವಾದ ಕೊಮಿತೆ ಕೊಲ್ಬೇರ್ ಫ್ರೆಂಚ್ ಕಸ್ಟಮ್ಸ್ ಜೊತೆ ಸೇರಿ ಏರ್‌ಪೋರ್ಟ್‌ಗಳಲ್ಲಿ ಪೋಸ್ಟರ್ ಹಾಕಿದ್ದೂ ಇದೇ ಕಾನೂನಿನ ಬಲದ ಮೇಲೆ.

ಇಟಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಬೀದಿಯಲ್ಲಿ ಬಟ್ಟೆ ಹಾಸಿ ಬ್ಯಾಗು, ಕನ್ನಡಕ ಮಾರುವವರಲ್ಲಿ ಬಡ ವಲಸಿಗರೇ ಜಾಸ್ತಿ. ಪೊಲೀಸರು ಬಂದರೆ ಬಟ್ಟೆಯ ನಾಲ್ಕು ಮೂಲೆ ಹಿಡಿದು ಓಡುತ್ತಾರೆ, ಪೊಲೀಸರು ಹೋದ ಮೇಲೆ ಮತ್ತೆ ಹಾಸುತ್ತಾರೆ. 2005ರಲ್ಲಿ ಬಂದ ಕಾನೂನು ಕೊಳ್ಳುವವರನ್ನೇ ಹಿಡಿಯಲು ಹೊರಟಿತು. ದಂಡ 10,000 ಯೂರೋವರೆಗೆ. ವಸ್ತುವಿನ ಗುಣಮಟ್ಟ, ಬೆಲೆ ಅಥವಾ ಮಾರುವವರ ಪರಿಸ್ಥಿತಿ ನೋಡಿಯೇ ನಕಲಿ ಎಂಬ ಅನುಮಾನ ಬರಬೇಕಿತ್ತು ಅನ್ನುವಂತಿದ್ದರೆ ಸಾಕು, ಕೊಂಡವರು ಸಿಕ್ಕಿಬೀಳುತ್ತಾರೆ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ನಡೆಯುವುದು ಕಷ್ಟ. ಒಂದು ಕನ್ನಡಕಕ್ಕೆ ಈ ದಂಡ ವಿಪರೀತ ಎಂಬುದು ಕಣ್ಣಿಗೆ ಕಾಣುವಂತಿತ್ತು. 2010ರಲ್ಲಿ ಅದನ್ನು ಕನಿಷ್ಠ 100, ಗರಿಷ್ಠ 7,000 ಯೂರೋ ಎಂದು ಇಳಿಸಿದರು. ಹಾಗೆ ನೋಡಿದರೆ ಇದು ಗಡಿಯ ನಿಯಮವೇ ಅಲ್ಲ, ಕೊಳ್ಳುವುದರ ಮೇಲಿನ ನಿಯಮ. ಆದರೂ ಪ್ರವಾಸಿಗಳ ಬಾಯಲ್ಲಿ ಅದು 'ಯುರೋಪಿನಲ್ಲಿ ನಕಲಿ ಒಯ್ದರೆ ಹಿಡಿಯುತ್ತಾರೆ' ಎಂದಾಗಿ ಹರಡಿತು.

ಸ್ವಿಟ್ಜರ್ಲೆಂಡ್ 2008ರ ಜುಲೈ 1ರಿಂದ ನಡುವಿನ ದಾರಿ ಆಯ್ದುಕೊಂಡಿತು. ಖಾಸಗಿ ಬಳಕೆಗೆ ತಂದ ಒಂದು ವಸ್ತುವನ್ನೂ ಕಸ್ಟಮ್ಸ್ ಹಿಡಿದು ನಾಶ ಮಾಡಬಹುದು. ಆದರೆ ತಂದವರ ಮೇಲೆ ಕ್ರಿಮಿನಲ್ ಕೇಸ್ ಇಲ್ಲ. ನನ್ನ ಮಟ್ಟಿಗೆ ಇದು ಹೆಚ್ಚು ನೇರವಾದ ನಿಯಮ. ವಸ್ತು ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಫಲಕದಲ್ಲಿ ಎರಡು ಸಾಲಿನಲ್ಲಿ ಬರೆಯಬಹುದಾದ ನಿಯಮ.

ಇದೇ ಹೊತ್ತಿಗೆ ಶುರುವಾದ ಒಂದು ಮಾತುಕತೆ ಪ್ರಯಾಣಿಕರ ಭಯವನ್ನು ದೊಡ್ಡದು ಮಾಡಿತು. ಅದೇ ಆ್ಯಕ್ಟಾ, ನಕಲಿ ಸರಕಿನ ವಿರುದ್ಧದ ವ್ಯಾಪಾರ ಒಪ್ಪಂದ. ಅಮೆರಿಕ, ಜಪಾನ್, ಯುರೋಪಿಯನ್ ಯೂನಿಯನ್, ಸ್ವಿಟ್ಜರ್ಲೆಂಡ್, ಕೆನಡಾ ಮುಂತಾದವು ಸೇರಿ 2008ರಲ್ಲಿ ಮಾತುಕತೆಗೆ ಕೂತವು. ನಕಲಿ ಮಾಲಿನ ಚರ್ಚೆಯಲ್ಲಿ ಸದಾ ಹೆಸರು ಕೇಳಿಬರುವ ಚೀನಾ ಅದರಲ್ಲಿರಲಿಲ್ಲ. ಭಾರತ, ಬ್ರೆಜಿಲ್ ಕೂಡ ಇರಲಿಲ್ಲ. ಕರಡನ್ನು ಹೊರಗೆ ಬಿಡಲಿಲ್ಲ. ಮೇ 2008ರಲ್ಲಿ ವಿಕಿಲೀಕ್ಸ್ ಒಂದು ಚರ್ಚಾ ಪತ್ರವನ್ನು ಪ್ರಕಟಿಸಿದ ಮೇಲೆ ಊಹೆಗಳು ಓಡತೊಡಗಿದವು. ಗಡಿಯಲ್ಲಿ ಲ್ಯಾಪ್‌ಟಾಪ್ ತೆರೆಸುತ್ತಾರೆ, ಐಪಾಡಿನಲ್ಲಿರುವ ಹಾಡುಗಳನ್ನು ಪರೀಕ್ಷಿಸುತ್ತಾರೆ, ಬ್ಯಾಗು ಜಾಲಾಡುತ್ತಾರೆ ಎಂಬ ಮಾತು ಎಲ್ಲೆಡೆ ಹಬ್ಬಿತು.

ಅಧಿಕೃತ ಕರಡು ಜನರ ಕೈಗೆ ಬಂದಿದ್ದು ಏಪ್ರಿಲ್ 2010ರಲ್ಲಿ. ಅಂತಿಮ ಪಠ್ಯದ 14ನೇ ವಿಧಿ ಲಗೇಜಿನ ಸಣ್ಣ ವಸ್ತುಗಳನ್ನು ಹೊರಗಿಡಲು ದೇಶಗಳಿಗೆ ಮತ್ತೆ ಅವಕಾಶ ಕೊಟ್ಟಿತ್ತು. ಅಂದರೆ ಪ್ರಯಾಣಿಕರ ವಿಷಯದಲ್ಲಿ 1994ರಲ್ಲಿ ಇದ್ದ ಜಾಗಕ್ಕೇ ಬಂದು ನಿಂತಿತು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಎರಡು ವರ್ಷದ ಆತಂಕವಾದರೂ ತಪ್ಪುತ್ತಿತ್ತು ಅಲ್ವಾ? ಅಷ್ಟರಲ್ಲಿ ನಂಬಿಕೆ ಕೆಟ್ಟಿತ್ತು. ಇಂಟರ್‌ನೆಟ್ ಕುರಿತ ಅಂಶಗಳ ಮೇಲೆ 2012ರ ಆರಂಭದಲ್ಲಿ ಪೋಲೆಂಡ್ ಸೇರಿದಂತೆ ಯುರೋಪಿನ ಹಲವೆಡೆ ಜನ ಬೀದಿಗಿಳಿದರು. ಜುಲೈ 4, 2012ರಂದು ಯುರೋಪಿಯನ್ ಸಂಸತ್ತು 478 ಮತಗಳಿಂದ ಅದನ್ನು ತಿರಸ್ಕರಿಸಿತು. ಪರವಾಗಿ ಬಿದ್ದಿದ್ದು 39 ಮತ, 165 ಮಂದಿ ತಟಸ್ಥರಾಗಿ ಉಳಿದರು. ಒಪ್ಪಂದ ಜಾರಿಗೆ ಬರಲು ಆರು ದೇಶಗಳ ಅನುಮೋದನೆ ಬೇಕಿತ್ತು. ಪೂರ್ತಿ ಅನುಮೋದಿಸಿದ್ದು ಜಪಾನ್ ಒಂದೇ.

ಅದೇ ವರ್ಷಗಳ ಇನ್ನೊಂದು ಘಟನೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಫೆಬ್ರವರಿ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಖಿಪೋಲ್ ಏರ್‌ಪೋರ್ಟಿನಲ್ಲಿ ಭಾರತದಿಂದ ನೈಜೀರಿಯಾಕ್ಕೆ ಹೊರಟಿದ್ದ ಅಬಾಕವಿರ್ ಮಾತ್ರೆಗಳನ್ನು ನಕಲಿ ಎಂದು ತಡೆದರು. ಅದು ಎಚ್‌ಐವಿ ಔಷಧ. ಬಡ ದೇಶಗಳಿಗೆ ಔಷಧ ಒದಗಿಸುವ ಯುನಿಟೈಡ್‌ನ ಹಣದಲ್ಲಿ ಕೊಂಡದ್ದು. ಅದು ನಕಲಿ ಆಗಿರಲಿಲ್ಲ, ಜೆನೆರಿಕ್ ಆಗಿತ್ತು, ಅಂದರೆ ಅದೇ ಔಷಧವನ್ನು ಬೇರೆ ಕಂಪನಿ ಅಗ್ಗವಾಗಿ ತಯಾರಿಸಿದ್ದು. ಆಮೇಲೆ ಬಿಟ್ಟುಕೊಟ್ಟರು. ಅದಕ್ಕೆ ಸ್ವಲ್ಪ ಮುಂಚೆ, ಬ್ರೆಜಿಲ್‌ಗೆ ಹೋಗುತ್ತಿದ್ದ ರಕ್ತದೊತ್ತಡದ ಔಷಧ ಲೊಸಾರ್ಟಾನ್ ಕೂಡ ನೆದರ್‌ಲ್ಯಾಂಡ್ಸಿನಲ್ಲಿ ಪೇಟೆಂಟ್ ಹೆಸರಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೇ 2010ರಲ್ಲಿ ಭಾರತ ಮತ್ತು ಬ್ರೆಜಿಲ್ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಯ್ದವು. ಟ್ರೇಡ್‌ಮಾರ್ಕ್, ಪೇಟೆಂಟ್‌ನಂಥ ಬೇರೆ ಬೇರೆ ತಕರಾರುಗಳನ್ನು 'ನಕಲಿ' ಎಂಬ ಒಂದೇ ಹೆಸರಿನಡಿ ತಂದರೆ ರೋಗಿಯ ಔಷಧವೂ ನಿಲ್ಲಬಹುದು ಎಂಬುದು ಆಗ ಎಲ್ಲರಿಗೂ ಕಂಡಿತು.

ಏರ್‌ಪೋರ್ಟ್ ಪ್ರಚಾರದಲ್ಲಿ ಇವತ್ತಿಗೂ ಈ ಬೆರಕೆ ಇದೆ. ನಕಲಿ ಮಾತ್ರೆ, ನಕಲಿ ಬ್ರೇಕ್ ಪ್ಯಾಡ್, ನಕಲಿ ಚಾರ್ಜರ್ ಜೀವಕ್ಕೇ ಅಪಾಯ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಕೈಚೀಲದ ಮೇಲಿನ ಸುಳ್ಳು ಲೋಗೋದಿಂದ ನಷ್ಟವಾಗುವುದು ಬೇರೆಯವರಿಗೆ, ಬೇರೆ ರೀತಿಯಲ್ಲಿ. ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಿದಾಗ ಕೈಚೀಲದ ಬಗ್ಗೆ ಭಯ ಹೆಚ್ಚುವುದಕ್ಕಿಂತ, ಮಾತ್ರೆಯ ಬಗ್ಗೆ ಇರಬೇಕಾದ ಭಯ ಕಡಿಮೆಯಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಅಂಕಿಗಳ ಕಥೆಯೂ ಹಾಗೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಒಇಸಿಡಿ, 2013ರ ನಕಲಿ ವ್ಯಾಪಾರವನ್ನು 461 ಬಿಲಿಯನ್ ಡಾಲರ್ ಎಂದೂ 2021ರದ್ದನ್ನು 467 ಬಿಲಿಯನ್ ಡಾಲರ್ ಎಂದೂ ಅಂದಾಜು ಮಾಡಿದೆ. ವಿಶ್ವ ವ್ಯಾಪಾರದ ಪಾಲಾಗಿ ನೋಡಿದರೆ ಶೇ 2.5ರಿಂದ 2.3ಕ್ಕೆ ಇಳಿದಿದೆ. ಇವು ಜಪ್ತಿಗಳ ಆಧಾರದ ಮೇಲಿನ ಲೆಕ್ಕ, ಒಂದು ವಿಧಾನವಾದರೂ ಇದೆ. ಅದಕ್ಕೂ ಮುಂಚೆ ಅಮೆರಿಕದಲ್ಲಿ ನಷ್ಟದ ಬಗ್ಗೆ ಓಡಾಡುತ್ತಿದ್ದ ಮೂರು ಜನಪ್ರಿಯ ಅಂಕಿಗಳಿಗೆ ಯಾವ ಮೂಲ ಅಧ್ಯಯನವೂ ಸಿಗುತ್ತಿಲ್ಲ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2010ರಲ್ಲಿ ಹೇಳಿತ್ತು. ಅಮೆರಿಕದಲ್ಲಿ ಜಪ್ತಿಯಾದ ಮಾಲಿನ ಬೆಲೆ ಹೇಳುವಾಗ ಒರಿಜಿನಲ್ ಆಗಿದ್ದರೆ ಎಷ್ಟಿರುತ್ತಿತ್ತೋ ಆ ಬೆಲೆಯನ್ನೇ ಹೇಳುವ ರೂಢಿಯೂ ಇದೆ. ಸುದ್ದಿಯಲ್ಲಿ ಕಾಣುವ ಮೊತ್ತ ಅಷ್ಟು ದೊಡ್ಡದಿರುವುದಕ್ಕೆ ಇದೂ ಒಂದು ಕಾರಣ.

ಈ ನಡುವೆ ಮಾಲು ದಾರಿ ಬದಲಿಸಿತ್ತು. ಆನ್‌ಲೈನ್ ಖರೀದಿ ಬೆಳೆದಂತೆ ನಕಲಿ ವಸ್ತು ಅಂಚೆ ಮತ್ತು ಕೊರಿಯರ್‌ನಲ್ಲಿ ಬರತೊಡಗಿತು. ಅಮೆರಿಕದ ಕಸ್ಟಮ್ಸ್ ಮಾಡುವ ಇಂಥ ಜಪ್ತಿಗಳಲ್ಲಿ ಸುಮಾರು ಶೇ 90ರಷ್ಟು ಈ ದಾರಿಯಲ್ಲೇ ಸಿಗುತ್ತವೆ. ಡೆನ್ಮಾರ್ಕಿನ ಒಬ್ಬರು ಚೀನಾದ ವೆಬ್‌ಸೈಟಿನಿಂದ ತರಿಸಿದ ನಕಲಿ ರೋಲೆಕ್ಸ್ ವಾಚನ್ನು ಕಸ್ಟಮ್ಸ್ ತಡೆಯಿತು. ಸ್ವಂತ ಬಳಕೆಗೆ ತರಿಸಿದರೂ ಹಿಡಿಯಬಹುದು ಎಂದು ಯುರೋಪಿಯನ್ ಯೂನಿಯನ್ನಿನ ನ್ಯಾಯಾಲಯ 2014ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಇದೇ ವಾಚನ್ನು ಕೈಗೆ ಕಟ್ಟಿಕೊಂಡು ಬಂದಿದ್ದರೆ ಯೂನಿಯನ್ನಿನ ನಿಯಮ ಅಡ್ಡ ಬರುತ್ತಿರಲಿಲ್ಲ. ಜಪಾನ್ ಕೂಡ 2022ರ ಅಕ್ಟೋಬರ್ 1ರಿಂದ, ವಿದೇಶಿ ವ್ಯಾಪಾರಿಗಳು ಅಂಚೆಯಲ್ಲಿ ಕಳಿಸುವ ನಕಲಿ ವಸ್ತು ಸ್ವಂತಕ್ಕೇ ಆದರೂ ಒಳಗೆ ಬರಕೂಡದು ಎಂದಿತು. ಕೈಯಲ್ಲಿ ಹೊತ್ತು ತರುವ ಪ್ರವಾಸಿಯನ್ನು ಆ ತಿದ್ದುಪಡಿ ಮುಟ್ಟಲಿಲ್ಲ.

ಹೀಗೆ ಕಾನೂನಿನ ಗಮನ ಪಾರ್ಸೆಲ್ ಕಡೆ ಹೊರಳಿದರೂ ಏರ್‌ಪೋರ್ಟಿನ ಜಾಹೀರಾತು ನಿಲ್ಲಲಿಲ್ಲ. ಅಮೆರಿಕ 2017ರಲ್ಲಿ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ನಕಲಿ ಮಾಲಿನ ವಿರುದ್ಧ ಹೊಸ ಪ್ರಚಾರ ಶುರು ಮಾಡಿತು. ಅದಕ್ಕೆ ಕಾರಣವೂ ಇದೆ. ಲಕ್ಷಾಂತರ ಜನ ಹಾದುಹೋಗುವ ಜಾಗ ಅದು, ಕಾಯುವಾಗ ಕಣ್ಣು ಗೋಡೆಯ ಮೇಲೇ ಇರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರೂ ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ನಾನು ಕೇಳುವುದು ಇಷ್ಟೇ: ಆ ಗೋಡೆಯ ಮೇಲೆ ಆ ದೇಶದ ನಿಯಮವನ್ನೂ ಬರೆಯಬೇಕು. ಎಷ್ಟು ವಸ್ತು ತಂದರೆ ಸರಿ, ಯಾವುದನ್ನು ಕಿತ್ತುಕೊಳ್ಳುತ್ತಾರೆ, ದಂಡ ಯಾವಾಗ, ಔಷಧಕ್ಕೆ ಏನು ನಿಯಮ. ಇಷ್ಟು ಸಿಕ್ಕರೆ ಪ್ರಯಾಣಿಕರು ಕೊಳ್ಳುವ ಮೊದಲೇ ಯೋಚಿಸುತ್ತಾರೆ. ಇದೇ ಎಚ್ಚರಿಕೆ ಪ್ರವಾಸಕ್ಕೆ ಹೊರಡುವವರ ಕಣ್ಣಿಗೂ ಬೀಳಬೇಕು. ಕೊಂಡು ವಾಪಸ್ ಇಳಿದ ಮೇಲೆ ಓದಿ ಏನು ಮಾಡುವುದು?

ಗಡಿಯಲ್ಲಿ ವಸ್ತು ಹಿಡಿದರೆ ಅದನ್ನು ಬಂದ ಊರಿಗೇ ವಾಪಸ್ ಕಳಿಸಿ ಎಂದು ಕೇಳಿ ಸಾಮಾನ್ಯವಾಗಿ ಪ್ರಯೋಜನವಿಲ್ಲ. ನಕಲಿ ಟ್ರೇಡ್‌ಮಾರ್ಕಿನ ಸರಕನ್ನು ಇದ್ದ ಹಾಗೇ ಮತ್ತೆ ರಫ್ತು ಮಾಡಲು ವಿಶೇಷ ಸಂದರ್ಭ ಬಿಟ್ಟರೆ ಟ್ರಿಪ್ಸ್ ಬಿಡುವುದಿಲ್ಲ. ಕೊನೆಗೆ ಆಗುವುದು ನಾಶವೇ.

ಪಾರ್ಸೆಲ್‌ಗಳ ಮೇಲಿನ ಹಿಡಿತ ಇನ್ನೂ ಬಿಗಿಯಾಗುತ್ತಿದೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಎಲ್ಲ ದೇಶಗಳಿಗೂ 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಯುರೋಪಿಯನ್ ಯೂನಿಯನ್ ಕೂಡ ತನ್ನ 150 ಯೂರೋ ಮಿತಿಯನ್ನು ತೆಗೆಯಲು ಹೊರಟಿದೆ. ಈ ಎರಡೂ ಬದಲಾವಣೆಗಳಲ್ಲಿ ಪ್ರಯಾಣಿಕರ ಸೂಟ್‌ಕೇಸಿನ ಪ್ರಸ್ತಾಪವಿಲ್ಲ.