ಜೈಲಿನಲ್ಲಿ ಕೊಡುವ ಡಿಗ್ರಿಯೂ ಎಲ್ಲರ ಡಿಗ್ರಿಯೇ ಆಗಿರಬೇಕು

ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ಲಮ್ಮಾ, ನಮ್ಮ ಹುಡುಗ ಬ್ಯಾಂಕಲ್ಲಿ ಸಾಲ ಮಾಡಿ ಓದ್ತಿದ್ದಾನೆ. ತಪ್ಪು ಮಾಡಿ ಒಳಗೆ ಹೋದವರಿಗೆ ಪುಕ್ಕಟೆ ಡಿಗ್ರಿ ಯಾಕೆ?" ಕೋಪದಿಂದ ಕೇಳುವವರು ಕಡಿಮೆ, ಸುಮ್ನೆ ಗೊತ್ತಾಗದೆ ಕೇಳುವವರೇ ಜಾಸ್ತಿ. ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ವಾರಕ್ಕೊಂದು ಸಂಜೆ ಅದೇ ಪುಸ್ತಕ ಹಿಡಿದು ಅದೇ ಪಾಠವನ್ನು ಹೆಂಗಸರ ಜೈಲೊಂದರಲ್ಲಿ ಮಾಡುತ್ತೇನೆ. ಈ ಪ್ರಶ್ನೆಗೆ ಉತ್ತರ ಇದೆ, ಆದರೆ ಸ್ವಲ್ಪ ಉದ್ದ.

ಮೊದಲು ದುಡ್ಡಿನ ವಿಷಯ. ಅಮೆರಿಕದಲ್ಲಿ ಬಡವರ ಮಕ್ಕಳು ಕಾಲೇಜು ಸೇರಲು ಕೇಂದ್ರ ಸರ್ಕಾರ ಪೆಲ್ ಗ್ರ್ಯಾಂಟ್ ಅಂತ ಕೊಡುತ್ತದೆ. ಇದು ಸಾಲ ಅಲ್ಲ, ವಾಪಸ್ ಕಟ್ಟಬೇಕಿಲ್ಲ. 1970ರ ದಶಕದಿಂದ ಜೈಲಿನಲ್ಲಿದ್ದವರಿಗೂ ಅದು ಸಿಗುತ್ತಿತ್ತು, ಅದರ ಮೇಲೆ ನೂರಾರು ಜೈಲುಗಳಲ್ಲಿ ಕಾಲೇಜು ನಡೆಯುತ್ತಿತ್ತು. 1994ರಲ್ಲಿ ಕ್ಲಿಂಟನ್ ಸಹಿ ಹಾಕಿದ ದೊಡ್ಡ ಅಪರಾಧ ಕಾನೂನು ಬಂತು, ಕೈದಿಗಳಿಗೆ ಪೆಲ್ ಬಂದ್ ಆಯಿತು. ಆಗ ಅಲ್ಲಿನ ಸಂಸತ್ತಿನಲ್ಲಿ ಕೇಳಿಬಂದದ್ದೂ ನಮ್ಮೂರಿನವರು ಕೇಳುವ ಇದೇ ಮಾತು: ಒಳ್ಳೆಯವರ ಮಕ್ಕಳ ದುಡ್ಡನ್ನು ಕಳ್ಳರಿಗೆ ಯಾಕೆ ಕೊಡಬೇಕು? ಲೆಕ್ಕ ನೋಡಿದರೆ ಪೆಲ್ ಪಡೆಯುತ್ತಿದ್ದ 40 ಲಕ್ಷಕ್ಕೂ ಹೆಚ್ಚು ಜನರಲ್ಲಿ ಜೈಲಿನಲ್ಲಿದ್ದವರು ಸುಮಾರು 23 ಸಾವಿರ. ದುಡ್ಡಿನ ಲೆಕ್ಕದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಪೆಲ್‌ಗೆ ಇಷ್ಟೇ ಸೀಟು ಅಂತ ಇಲ್ಲ. ಅರ್ಹತೆ ಇದ್ದವರಿಗೆಲ್ಲ ಸಿಗುತ್ತದೆ. ಒಳಗಿನವಳಿಗೆ ಕೊಟ್ಟರೆ ಹೊರಗಿನವನ ಪಾಲು ಕಡಿಮೆ ಆಗುವುದಿಲ್ಲ, ಕಿತ್ತುಕೊಂಡರೆ ಅವನಿಗೆ ಜಾಸ್ತಿ ಸಿಗುವುದೂ ಇಲ್ಲ.

ಆದರೂ ನಿಂತುಹೋಯಿತು. ಮರುವರ್ಷ ನ್ಯೂಯಾರ್ಕ್ ರಾಜ್ಯವೂ ಕೈದಿಗಳಿಗೆ ಕೊಡುತ್ತಿದ್ದ ತನ್ನದೇ ಸಹಾಯಧನ ನಿಲ್ಲಿಸಿತು. ದೇಶದ ತುಂಬ ಇದ್ದ ಜೈಲು ಕಾಲೇಜುಗಳು ಕೆಲವೇ ವರ್ಷಗಳಲ್ಲಿ ಬೆರಳೆಣಿಕೆಗೆ ಬಂದವು.

ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಉತ್ತರಕ್ಕೆ ಹೋದರೆ ಬೆಡ್‌ಫರ್ಡ್ ಹಿಲ್ಸ್ ಸಿಗುತ್ತದೆ, ಅಲ್ಲಿ ಹೆಂಗಸರ ಬಿಗಿ ಭದ್ರತೆಯ ಜೈಲು ಇದೆ. ಅಲ್ಲಿ ಮರ್ಸಿ ಕಾಲೇಜು ನಡೆಸುತ್ತಿದ್ದ ಡಿಗ್ರಿಯೂ ಹೀಗೇ ಮುಚ್ಚಿತು. ಅರ್ಧ ಡಿಗ್ರಿ ಮುಗಿಸಿದವರು ಅಲ್ಲಲ್ಲೇ ನಿಂತರು. ಆಮೇಲೆ ಏನಾಯಿತು ಅಂದರೆ, ಒಳಗಿದ್ದ ಹೆಂಗಸರೇ ಕಾಲೇಜು ಬೇಕು ಅಂತ ಹಟ ಹಿಡಿದರು, ಸೂಪರಿಂಟೆಂಡೆಂಟ್ ಇಲೇನ್ ಲಾರ್ಡ್ ಬೇಡ ಅನ್ನಲಿಲ್ಲ, ಸುತ್ತಮುತ್ತಲ ಜನ ಚಂದಾ ಎತ್ತಿದರು, ಮೇರಿಮೌಂಟ್ ಮ್ಯಾನ್‌ಹಟನ್ ಕಾಲೇಜು ಡಿಗ್ರಿ ಕೊಡಲು ಒಪ್ಪಿತು, ಬೇರೆ ಕೆಲವು ಕಾಲೇಜುಗಳು ಮೇಷ್ಟ್ರುಗಳನ್ನು ಕಳಿಸಿದವು. 1997ಕ್ಕೆ ಮತ್ತೆ ಕ್ಲಾಸು ಶುರು. ಸರ್ಕಾರದ ಒಂದು ಪೈಸೆ ಇಲ್ಲದೆ.

ಇಲ್ಲಿಂದ ಒಂದು ಅಧ್ಯಯನ ಹೊರಬಂತು, ಅದನ್ನು ನಾನು ಪ್ರತಿ ಸೆಮಿಸ್ಟರ್ ಒಳಗಿನ ಕ್ಲಾಸಿನಲ್ಲಿ ಪಾಠಕ್ಕೆ ಇಡುತ್ತೇನೆ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಮಿಶೆಲ್ ಫೈನ್ ಮತ್ತು ತಂಡ ಮಾಡಿದ್ದು, 2001ರ ವರದಿ. ತಂಡದಲ್ಲಿ ಆ ಜೈಲಿನ ಹೆಂಗಸರೂ ಸಂಶೋಧಕರಾಗಿದ್ದರು, ಬರೀ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲ. ಕಾಲೇಜಿಗೆ ಸೇರಿದ್ದ 274 ಹೆಂಗಸರಲ್ಲಿ ಬಿಡುಗಡೆಯಾದ 36 ತಿಂಗಳೊಳಗೆ ಮತ್ತೆ ಜೈಲಿಗೆ ಬಂದವರು ಶೇ. 7.7. ಕಾಲೇಜಿಗೆ ಸೇರದವರಲ್ಲಿ ಶೇ. 29.9. ಈ ಎರಡು ಅಂಕಿ ಬೋರ್ಡಿನ ಮೇಲೆ ಬರೆದು, "ಇದರಿಂದ ಏನು ಹೇಳಬಹುದು?" ಅಂತ ಕೇಳುತ್ತೇನೆ.

ಹೊರಗಿನ ಕ್ಯಾಂಪಸ್ಸಿನಲ್ಲಿ ಹತ್ತೊಂಬತ್ತರ ಹುಡುಗರು ತಕ್ಷಣ "ಓದಿದರೆ ಅಪರಾಧ ಕಡಿಮೆ ಆಗುತ್ತದೆ" ಅಂತ ಬರೆದು ಪೆನ್ನು ಮುಚ್ಚುತ್ತಾರೆ. ಒಳಗೆ ಹಾಗಾಗುವುದಿಲ್ಲ. "ಪ್ರೊಫೆಸರ್, ಕಾಲೇಜಿಗೆ ಬರೋರು ಯಾರು ಅಂತ ನಮಗೆ ಗೊತ್ತಲ್ಲ, ಆಗಲೇ ಬದಲಾಗಬೇಕು ಅಂತ ತೀರ್ಮಾನ ಮಾಡಿದವರು" ಅಂತ ಒಬ್ಬಾಕೆ ಎದ್ದು ಹೇಳುತ್ತಾರೆ. ಇನ್ನೊಬ್ಬಾಕೆ, ಡಿಗ್ರಿ ಓದುವಷ್ಟು ವರ್ಷ ಒಳಗಿರುವವರ ಶಿಕ್ಷೆಯೂ ಉದ್ದ, ಹೊರಗೆ ಹೋಗುವಾಗ ವಯಸ್ಸೂ ಆಗಿರುತ್ತದೆ, ವಯಸ್ಸಾದವರು ಹೇಗೂ ವಾಪಸ್ ಬರುವುದು ಕಡಿಮೆ ಅನ್ನುತ್ತಾರೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇದಕ್ಕೆ ಆಯ್ಕೆಯ ಪಕ್ಷಪಾತ ಅಂತ ಹೆಸರಿದೆ, ಪುಸ್ತಕದಲ್ಲಿ ಅದು ಬರುವುದು ಎರಡು ಅಧ್ಯಾಯ ಆದಮೇಲೆ. ತಮ್ಮ ಪರವಾಗಿರುವ ಅಂಕಿಯನ್ನೇ ಅನುಮಾನದಿಂದ ನೋಡುವ ವಿದ್ಯಾರ್ಥಿಗಳು ಮೇಷ್ಟ್ರಿಗೆ ಸುಲಭವಾಗಿ ಸಿಗುವುದಿಲ್ಲ.

ಹಾಗಂತ ಅಂಕಿ ಪೊಳ್ಳು ಅಂತಲ್ಲ. 2013ರಲ್ಲಿ ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಜೈಲಿನಲ್ಲಿ ಯಾವುದಾದರೂ ಓದಿಗೆ ಸೇರಿದವರು ಮತ್ತೆ ಸಿಕ್ಕಿಬೀಳುವ 'ಆಡ್ಸ್' (ಸಿಕ್ಕಿಬಿದ್ದವರು ಎಷ್ಟು, ಬೀಳದವರು ಎಷ್ಟು ಅನ್ನುವ ಅನುಪಾತ) ಶೇ. 43ರಷ್ಟು ಕಡಿಮೆ ಅಂತ ಬಂತು. ಪೇಪರಿನವರು "43% ಜನ ಕಡಿಮೆ" ಅಂತ ಬರೆದರು. ಅದು ತಪ್ಪು, ಆಡ್ಸ್ ಬೇರೆ, ನೂರಕ್ಕೆ ಎಷ್ಟು ಜನ ಅನ್ನುವುದು ಬೇರೆ. ಅದೇ ವರದಿಯ ಪ್ರಕಾರ ನೂರು ಜನರಲ್ಲಿ ಸುಮಾರು 13 ಜನರ ವ್ಯತ್ಯಾಸ. ನನಗೆ ಕೇಳಿದರೆ 13 ಕೂಡ ದೊಡ್ಡದೇ. ಓದಿಗೆ ಹಾಕಿದ ಒಂದು ಡಾಲರಿಗೆ, ಮುಂದಿನ ಮೂರು ವರ್ಷದಲ್ಲಿ ಮತ್ತೆ ಜೈಲಿನಲ್ಲಿಡುವ ಖರ್ಚು ನಾಲ್ಕೈದು ಡಾಲರ್ ಉಳಿಯುತ್ತದೆ ಅಂತಲೂ ಅದೇ ವರದಿ ಹೇಳುತ್ತದೆ. ಬರೀ ಖರ್ಚು ನೋಡುವವರಿಗೆ ಇಷ್ಟು ಸಾಕು.

ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ಜೈಲಿನಲ್ಲಿ ಓದು ಅಂದರೆ ಜನರ ಕಣ್ಣ ಮುಂದೆ ಒಬ್ಬ ದಯಾಮಯಿ ಮೇಡಂ ಬರುತ್ತಾರೆ, ಸುತ್ತ ಕಣ್ಣೊರೆಸಿಕೊಳ್ಳುವ ಹೆಂಗಸರು, ಕೊನೆಗೊಂದು ಪ್ರಮಾಣಪತ್ರ. ದಯೆಯಿಂದ ಒಂದು ಕ್ಲಾಸು ನಡೆಸಬಹುದು, ಡಿಗ್ರಿ ನಡೆಸಲು ಆಗುವುದಿಲ್ಲ. ಡಿಗ್ರಿ ನಡೆಯುವುದು ಕ್ರೆಡಿಟ್ ಲೆಕ್ಕದ ಮೇಲೆ, ಅಂದರೆ ಒಂದೊಂದು ಸಬ್ಜೆಕ್ಟ್ ಪಾಸಾದಾಗಲೂ ಸಿಗುವ ಅಂಕದ ಲೆಕ್ಕ.

ಇಲ್ಲಿ ಬಿ.ಎ.ಗೆ 120 ಕ್ರೆಡಿಟ್ ಬೇಕು. ಒಂದು ಸಬ್ಜೆಕ್ಟಿಗೆ ಸಾಮಾನ್ಯವಾಗಿ ಮೂರು. ಹೊರಗಿನ ಮಕ್ಕಳು ಒಂದು ಸೆಮಿಸ್ಟರಿಗೆ ಐದು ಸಬ್ಜೆಕ್ಟ್ ತೆಗೆದುಕೊಂಡು ನಾಲ್ಕು ವರ್ಷದಲ್ಲಿ ಮುಗಿಸುತ್ತಾರೆ. ಒಳಗಿರುವವರು ಹಗಲು ಜೈಲಿನ ಕೆಲಸ ಮಾಡಿ ಸಂಜೆ ಎರಡು ಸಬ್ಜೆಕ್ಟ್ ಓದಿದರೆ ವರ್ಷಕ್ಕೆ 12 ಕ್ರೆಡಿಟ್, ಅಂದರೆ ಹತ್ತು ವರ್ಷ. ಮೂರು ಓದಿದರೂ ಆರೇಳು ವರ್ಷ. ಶಿಕ್ಷೆ ಅದಕ್ಕಿಂತ ಕಡಿಮೆ ಇದ್ದವರು ನಡುವೆ ಹೊರಗೆ ಹೋಗುತ್ತಾರೆ. ಕೆಲವರನ್ನು ಬೇರೆ ಜೈಲಿಗೆ ಹಾಕುತ್ತಾರೆ. ಗಂಡಸರ ಜೈಲುಗಳು ಹತ್ತಾರು ಇರುವುದರಿಂದ ಇನ್ನೊಂದು ಕಡೆಯೂ ಕಾಲೇಜು ಇರುವ ಸಾಧ್ಯತೆ ಇದೆ. ಹೆಂಗಸರ ಜೈಲು ಇರುವುದೇ ಕೆಲವು, ಅಲ್ಲಿ ಕಾಲೇಜು ಇಲ್ಲ ಅಂದರೆ ಇಲ್ಲ, ಅಷ್ಟೇ. ಸಾಲದ್ದಕ್ಕೆ ಹೆಂಗಸರ ಜೈಲು ಅಂದ ಕೂಡಲೇ ಹೊಲಿಗೆ, ಬ್ಯೂಟಿ ಪಾರ್ಲರ್ ಕೆಲಸ ಕಲಿಸಿದರೆ ಸಾಕು ಅನ್ನುವ ಹಳೇ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.

ಅದಕ್ಕೇ ಒಳಗೆ ಗಳಿಸಿದ ಕ್ರೆಡಿಟ್ ಹೊರಗೂ ನಡೆಯಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಎಲ್ಲಿ ಕೂತು ಓದಿದರು ಅಂತ ಇರಬಾರದು. ನಮ್ಮ ಕಾಲೇಜಿನದರಲ್ಲಿ ಇರುವುದಿಲ್ಲ, ಅದು ಬಹಳ ಮುಖ್ಯ. ಜತೆಗೆ ಪರೀಕ್ಷೆಯೂ ಸಡಿಲ ಇರಬಾರದು. ಪಾಪ ಅಂತ ನಾಲ್ಕು ಮಾರ್ಕ್ಸ್ ಜಾಸ್ತಿ ಹಾಕುವ ಹೊಸ ಮೇಷ್ಟ್ರಿಗೆ ಮೊದಲು ಬಯ್ಯುವವರೇ ವಿದ್ಯಾರ್ಥಿಗಳು. ಹೊರಗೆ ಹೋಗಿ ಮುಂದಿನ ಸಬ್ಜೆಕ್ಟಿಗೆ ಸೇರಿದಾಗ ಸಿಕ್ಕಿಹಾಕಿಕೊಳ್ಳುವುದು ತಾವು ಅಂತ ಅವರಿಗೆ ಗೊತ್ತು.

ಪಾಠ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಇಂಟರ್ನೆಟ್ ಇಲ್ಲ. ಪುಸ್ತಕದ ಪಟ್ಟಿಯನ್ನು ಸೆಮಿಸ್ಟರಿಗೆ ತುಂಬ ಮುಂಚೆಯೇ ಕೊಟ್ಟು ಒಪ್ಪಿಗೆ ಪಡೆಯಬೇಕು. ನಾನು ಹೋಗುವ ಕಡೆ ಸ್ಪೈರಲ್ ನೋಟ್‌ಬುಕ್ ಒಳಗೆ ಬಿಡುವುದಿಲ್ಲ, ಅದರ ತಂತಿಯಿಂದಾಗಿ. ಸ್ಟೇಪ್ಲರ್ ಪಿನ್ನೂ ಬೇಡ. ನನ್ನ ಸಾಮಾನೆಲ್ಲ ಕಣ್ಣಿಗೆ ಕಾಣುವಂಥ ಪ್ಲಾಸ್ಟಿಕ್ ಚೀಲದಲ್ಲಿ. ಹೊರಗಿನ ಮಕ್ಕಳು ಸಾಫ್ಟ್‌ವೇರಿಗೆ ಡೇಟಾ ಕೊಟ್ಟು ಉತ್ತರ ತೆಗೆಯುತ್ತಾರೆ. ಇವರು ಸ್ಟ್ಯಾಂಡರ್ಡ್ ಡೀವಿಯೇಷನ್ ಕೈಯಲ್ಲೇ ಲೆಕ್ಕ ಹಾಕುತ್ತಾರೆ, ನಾವು ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಟೇಬಲ್ ಪುಸ್ತಕ ನೋಡಿಕೊಂಡು ಮಾಡುತ್ತಿದ್ದ ಹಾಗೆ. (ಯಾರಿಗೆ ಚೆನ್ನಾಗಿ ಅರ್ಥವಾಗುತ್ತದೆ ಅಂತ ಕೇಳಬೇಡಿ, ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಜಗಳ ಆಗುತ್ತದೆ.) ಕೈದಿಗಳ ತಲೆ ಎಣಿಕೆ ತಾಳೆಯಾಗದಿದ್ದರೆ ಯಾರೂ ಕ್ಲಾಸಿಗೆ ಬರುವ ಹಾಗಿಲ್ಲ. ಜೈಲಿನಲ್ಲಿ ಏನಾದರೂ ಗಲಾಟೆಯಾದರೆ ಅವತ್ತು ಪಾಠವೇ ಇಲ್ಲ. ಹಾಗೆ ಹೋದ ಗಂಟೆಗಳನ್ನು ಸುಮ್ಮನೆ ಬಿಡುವಂತಿಲ್ಲ. ಮೂರು ಕ್ರೆಡಿಟ್‌ಗೆ ಇಷ್ಟು ಗಂಟೆ ಪಾಠ ಅಂತ ಲೆಕ್ಕ ಇದೆ, ಹೇಗಾದರೂ ತುಂಬಿಸಿಕೊಡಬೇಕು.

ಇವರಲ್ಲಿ ತುಂಬ ಜನ ತಾಯಂದಿರು. ಅಮೆರಿಕದ ರಾಜ್ಯಗಳ ಜೈಲಿನಲ್ಲಿರುವ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಹದಿನೆಂಟು ತುಂಬದ ಮಕ್ಕಳಿದ್ದಾರೆ. ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ಕೂಸಿನ ಜತೆ ತಾಯಿ ಇರಲು ವ್ಯವಸ್ಥೆ 1901ರಿಂದ ಇದೆ. ಮಕ್ಕಳು ಹೊರಗಿದ್ದರೆ ಫೋನ್ ಮಾಡುವ ಸಮಯ, ಕ್ಲಾಸಿನ ಸಮಯ ಒಂದೇ ಆಗುತ್ತದೆ. ಆಗ ಯಾವುದನ್ನು ಬಿಡಬೇಕು? ನಾನು ಅಂಥವರಿಗೆ ಹತ್ತು ನಿಮಿಷ ತಡವಾಗಿ ಬನ್ನಿ ಅಂತ ಹೇಳುವಂತೆಯೂ ಇಲ್ಲ, ಓಡಾಟಕ್ಕೆ ಗೊತ್ತಾದ ಸಮಯ ಬಿಟ್ಟರೆ ಗೇಟು ತೆಗೆಯುವುದಿಲ್ಲ. ಆದರೆ ಒಂದು ಲಾಭವೂ ಇದೆ. ಹೋಮ್‌ವರ್ಕ್ ವಿಷಯ ಮಗನಿಗೆ ಹೇಳಲು ಈಗ ತಾಯಿಗೆ ಬಾಯಿ ಬಂದಿದೆ, "ನಾನೂ ಮಾಡ್ತಿದ್ದೀನಿ, ನೀನೂ ಮಾಡು" ಅಂತ.

ಮತ್ತೆ ದುಡ್ಡಿಗೆ ಬರೋಣ, ಯಾಕೆಂದರೆ ಅಲ್ಲಿ ಈಚೆಗೆ ದೊಡ್ಡ ಬದಲಾವಣೆ ಆಗಿದೆ. 2015ರಲ್ಲಿ ಒಬಾಮಾ ಸರ್ಕಾರ ಪ್ರಯೋಗಕ್ಕೆ ಅಂತ ಕೆಲವು ಕಾಲೇಜುಗಳಿಗೆ ಮಾತ್ರ ಜೈಲಿನಲ್ಲಿ ಪೆಲ್ ಬಳಸಲು ಬಿಟ್ಟಿತು. 2020ರ ಡಿಸೆಂಬರಿನಲ್ಲಿ ಸಂಸತ್ತು ನಿಷೇಧವನ್ನೇ ತೆಗೆಯಿತು, 2023ರ ಜುಲೈ 1ರಿಂದ ಜಾರಿಗೆ ಬಂತು. ಆ ವರ್ಷ ಒಬ್ಬರಿಗೆ ಗರಿಷ್ಠ 7,395 ಡಾಲರ್. ವಿದ್ಯಾರ್ಥಿಯ ಕೈಗೆ ಒಂದು ಡಾಲರೂ ಹೋಗುವುದಿಲ್ಲ. ಕಾಲೇಜಿಗೆ ಹೋಗುತ್ತದೆ, ಮಿಕ್ಕಿದ್ದು ಸರ್ಕಾರಕ್ಕೆ ವಾಪಸ್. ಹೊಸ ನಿಯಮ ಬರೆದವರು ಹಳೇ ತಪ್ಪುಗಳನ್ನು ನೋಡಿಯೇ ಬರೆದಂತಿದೆ. ಲಾಭಕ್ಕೆ ನಡೆಯುವ ಕಾಲೇಜುಗಳಿಗೆ ಜೈಲಿನಲ್ಲಿ ಇದು ಇಲ್ಲ. ಕ್ರೆಡಿಟ್ ಆ ರಾಜ್ಯದ ಒಂದು ಕಾಲೇಜಿನಲ್ಲಾದರೂ ನಡೆಯಬೇಕು. ಶಿಕ್ಷೆಯಾದವರಿಗೆ ಕಾನೂನಿನಲ್ಲೇ ಲೈಸೆನ್ಸ್ ಕೊಡದ ಕೆಲಸಕ್ಕೆ ಕೋರ್ಸ್ ಮಾಡಿಸುವಂತಿಲ್ಲ. ಕೊನೆಯದು ನನಗೆ ತುಂಬ ಮೆಚ್ಚುಗೆ. ಎರಡು ವರ್ಷ ಓದಿಸಿ ಆಮೇಲೆ ಬಾಗಿಲು ಹಾಕುವುದು ಎಂಥ ಮೋಸ, ಅಲ್ವಾ?

ಇನ್ನೂ ಕೆಲವು ಗಂಟುಗಳಿವೆ. ಇಪ್ಪತ್ತರ ವಯಸ್ಸಿನಲ್ಲಿ ಎಲ್ಲೋ ಕಾಲೇಜು ಸೇರಿ, ಸಾಲ ಮಾಡಿ, ಬಿಟ್ಟು, ಕಟ್ಟದೆ ಹೋದವರಿಗೆ ಆ ಹಳೇ ಸಾಲ ತೀರಿಸುವ ದಾರಿ ಆಗುವವರೆಗೆ ಪೆಲ್ ಸಿಗುವುದಿಲ್ಲ. ಒಳಗಿದ್ದುಕೊಂಡು ಸಾಲದ ಕಂಪನಿಗೆ ಫೋನ್ ಮಾಡಿ ಅರ್ಧ ಗಂಟೆ ಕಾಯಲು ಆಗುತ್ತದೆಯೇ? ಹೈಸ್ಕೂಲ್ ಪಾಸಾಗದವರಿಗೆ ಮೊದಲು ಅದಕ್ಕೆ ಸಮನಾದ ಪರೀಕ್ಷೆ. ಇನ್ನು ದುಡ್ಡು ಬಂದ ಕೂಡಲೇ ಟ್ಯಾಬ್ಲೆಟ್ಟಿನಲ್ಲಿ ರೆಕಾರ್ಡ್ ಮಾಡಿದ ಪಾಠ ತುಂಬಿ ಇದೇ ಡಿಗ್ರಿ ಅನ್ನುವವರೂ ಬರುತ್ತಿದ್ದಾರೆ. ಟ್ಯಾಬ್ಲೆಟ್ ಇರಲಿ, ಬೇಡ ಅನ್ನಲ್ಲ. ಆದರೆ ತಪ್ಪು ಲೆಕ್ಕ ಮಾಡಿದಾಗ ಎಲ್ಲಿ ತಪ್ಪಿತು ಅಂತ ತೋರಿಸುವ ಮನುಷ್ಯ ಎದುರಿಗೆ ಇರಬೇಕು. ಹೊರಗಿನ ಮಕ್ಕಳಿಗೆ ಅದು ಇದೆ.

ನಮ್ಮ ದೇಶದ ಕಥೆ ಬೇರೆ, ಆದರೆ ಖಾಲಿ ಹಾಳೆ ಏನಲ್ಲ. ದೆಹಲಿಯ ತಿಹಾರ್ ಜೈಲಿನಲ್ಲಿ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಸ್ಟಡಿ ಸೆಂಟರ್ ಶುರುವಾಗಿದ್ದು 1994ರಲ್ಲಿ, ಅಮೆರಿಕ ಬಾಗಿಲು ಮುಚ್ಚಿದ ವರ್ಷವೇ. 2010ರಲ್ಲಿ ಇಗ್ನೋ ಕೈದಿಗಳಿಗೆ ಫೀಸನ್ನೂ ಮಾಫಿ ಮಾಡಿತು. ಕನ್ನಡದಲ್ಲೇ ಬಿ.ಎ. ಓದಬೇಕೆಂದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಇಂಗ್ಲಿಷ್ ಪುಸ್ತಕ ನೋಡಿ ಹೆದರುವವರಿಗೆ ಅದೇ ಸರಿ.

ನಮ್ಮಲ್ಲಿ ತೊಡಕಿರುವುದು ಬೇರೆ ಕಡೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಹೆಂಗಸರು 23,772, ಅಂದರೆ ನೂರಕ್ಕೆ ನಾಲ್ಕು. ಇಷ್ಟು ಕಡಿಮೆ ಇದ್ದಾಗ ಅವರಿಗೆ ಅಂತಲೇ ಕ್ಲಾಸು ಮಾಡುವ ತಲೆನೋವು ಯಾರಿಗೂ ಬೇಡ. ಮಕ್ಕಳನ್ನು ಜತೆಗಿಟ್ಟುಕೊಂಡವರು 1,537 ಜನ, ಮಗುವಿಗೆ ಆರು ವರ್ಷ ಆಗುವವರೆಗೆ ಇಟ್ಟುಕೊಳ್ಳಬಹುದು. ಮಗುವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಸ್ಟಡಿ ಸೆಂಟರ್ ಇದ್ದೂ ಪ್ರಯೋಜನವಿಲ್ಲ. ಎಲ್ಲಕ್ಕಿಂತ ದೊಡ್ಡದು, ಒಟ್ಟು ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ನಾಳೆ ಜಾಮೀನು ಸಿಗಬಹುದು, ಮೂರು ವರ್ಷ ಸಿಗದೆಯೂ ಇರಬಹುದು. "ಇವತ್ತೋ ನಾಳೆಯೋ ಹೋಗ್ತೀನಿ, ಅಡ್ಮಿಷನ್ ಯಾಕೆ?" ಅಂತ ಅವರೂ ಸುಮ್ಮನಿರುತ್ತಾರೆ, ಅಧಿಕಾರಿಗಳೂ ಸುಮ್ಮನಿರುತ್ತಾರೆ, ಹಾಗೇ ವರ್ಷಗಳು ಹೋಗುತ್ತವೆ.

ಅವರಿಗೆ ಹೇಳಬೇಕಾದ್ದು ಇಷ್ಟು: ಸೇರಿಬಿಡಿ. ಇಗ್ನೋದ ಮೂರು ವರ್ಷದ ಬಿ.ಎ. ಮುಗಿಸಲು ಆರು ವರ್ಷದವರೆಗೆ ಸಮಯ ಇದೆ, ಪರೀಕ್ಷೆ ಜೂನ್‌ನಲ್ಲೂ ಇದೆ, ಡಿಸೆಂಬರಿನಲ್ಲೂ ಇದೆ. ಜಾಮೀನು ಸಿಕ್ಕರೆ ಊರಿನ ಹತ್ತಿರದ ಸ್ಟಡಿ ಸೆಂಟರಿಗೆ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಎನ್‌ರೋಲ್‌ಮೆಂಟ್ ನಂಬರ್ ಕೈಯಲ್ಲಿರಬೇಕು. ಜೈಲಿನ ಆಫೀಸಿನವರು ಆ ನಂಬರ್ ಇರುವ ಐಡಿ ಕಾರ್ಡನ್ನು ಫೈಲಿನಲ್ಲಿ ಇಟ್ಟುಕೊಳ್ಳದೆ, ಬಿಡುಗಡೆಯ ದಿನ ವಾಪಸ್ ಕೊಡುವ ಸಾಮಾನಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿದರೆ ಆಯಿತು.